ಕಿಟಕಿ ತಾವ್ಕೇ ಬಂದ ಹೋಟ್ಲು

ದಾರಿ ಮೇಲಿನ ಊಟ ಅನ್ನೋದು ಎಲ್ಲಾ ಕಾಲದಲ್ಲೂ ದೊಡ್ಡ ಚಿಂತೆ ಕನ್ರವ್ವ. ಎತ್ತಿನ ಗಾಡೀಲಿ ಹೋಗ್ತಿದ್ದ ಕಾಲದಲ್ಲಿ ಬುತ್ತಿ, ಬಸ್ಸು ಬಂದ ಮೇಲೂ ಬುತ್ತಿ. ಈಗ ನಮ್ಮ ಕಡೆ ಹುಡುಗ್ರು ಸಿಂಗಾಪುರದ ತನಕ ಹೋಗಿ, ಅಲ್ಲಿ ದೊಡ್ಡ ಹಡಗು ಹತ್ತಿ, ನಾಕು ದಿನ ನೀರಿನ ಮೇಲೆ ಸುತ್ಕಂಡು ಬತ್ತಾರೆ. ಫೋನಿಗೆ ಫೋಟೋ ಕಳಿಸ್ತಾರಲ್ಲ, ನೋಡಿದ್ದೀರಾ? ಸಮುದ್ರದ ಫೋಟೋ ಎರಡಿದ್ರೆ ಊಟದ ಫೋಟೋ ಇಪ್ಪತ್ತು! ಹೊತ್ತೊತ್ತಿಗೆ ಕೋಣೆ ಬಾಗಿಲಿಗೇ ಬಂದು ಏನು ಬೇಕು ಅಂತ ಕೇಳ್ತಾರಂತೆ. ನಮ್ಮ ಹೆಣ್ಮಕ್ಕಳು ಆ ಫೋಟೋ ನೋಡಿ ಮೊದಲು ಅನ್ನೋದು ಒಂದೇ ಮಾತು: "ಪುಣ್ಯವಂತ್ರು ಕನಕ್ಕ, ನಾಕು ದಿನ ಒಲೆ ಹಚ್ಚಂಗಿಲ್ಲ."

ಆ ಮಾತು ಕೇಳ್ದಾಗೆಲ್ಲ ನಂಗೆ ಹಡಗು ನೆನಪಿಗೆ ಬರಲ್ಲ, ನಮ್ಮ ಮದ್ದೂರು ಸ್ಟೇಷನ್ನು ನೆನಪಿಗೆ ಬತ್ತದೆ. ಯಾಕೆ ಅಂತ ವಸಿ ವಿವರವಾಗಿ ಹೇಳ್ತೀನಿ.

ಹಡಗಿಗೂ ರೈಲಿಗೂ ಊಟದ ವಿಷಯದಲ್ಲಿ ಒಂದು ದೊಡ್ಡ ವ್ಯತ್ಯಾಸ ಅದೆ. ಹಡಗು ನಡುನೀರಲ್ಲಿ ನಿಂತ್ರೆ ಅಲ್ಲಿ ಯಾವ ಅಂಗಡಿ, ಯಾವ ಹೋಟ್ಲು? ಅದಕ್ಕೆ ಅಡುಗೆಮನೆಯನ್ನೇ ಹೊಟ್ಟೇಲಿ ಇಟ್ಕಂಡು ಹೋಗಬೇಕು. ಅಡುಗೆ ಮಾಡೋರು, ಬಡಿಸೋರು ಎಲ್ಲಾ ಜೊತೇಲೇ ಇರಬೇಕು. ಅಂಗಂತ ಹಡಗು ಹತ್ತಿದೋರೆಲ್ಲ ಹೊಟ್ಟೆ ತುಂಬಾ ಉಂಡ್ರು ಅಂತ ಅಲ್ಲ. 1888ರ ಸೆಪ್ಟೆಂಬರ್ 4ರಂದು ಬೊಂಬಾಯಿಂದ ಲಂಡನ್ನಿಗೆ ಹೊರಟ ‘ಕ್ಲೈಡ್’ ಅನ್ನೋ ಹಡಗಲ್ಲಿ ಮೋಹನದಾಸ ಗಾಂಧಿ ಇದ್ರು. ಆಗ ಅವರಿಗೆ ಇನ್ನೂ ಹದಿನೆಂಟು ವರ್ಷ. ಮಾಂಸ ಮುಟ್ಟಲ್ಲ ಅಂತ ತಾಯಿ ಪುತಲೀಬಾಯಿಗೆ ಮಾತು ಕೊಟ್ಟು ಬಂದಿದ್ರು. ಊಟದ ಮೇಜಿನ ಮೇಲೆ ಬೇಕಾದಷ್ಟು ಇತ್ತು. ಆದ್ರೆ ಚಾಕು, ಮುಳ್ಳುಚಮಚ ಹಿಡಿಯಕ್ಕೆ ಬರ್ತಿರಲಿಲ್ಲ. ಯಾವುದರಲ್ಲಿ ಮಾಂಸ ಇಲ್ಲ ಅಂತ ಕೇಳಕ್ಕೆ ನಾಚಿಕೆ. ತಮ್ಮ ಕೋಣೇಲೇ ಕೂತು, ಮನೆಯಿಂದ ತಂದಿದ್ದ ಸಿಹಿತಿಂಡಿ, ಹಣ್ಣು ತಿಂದು ದಿನ ದೂಡಿದೆ ಅಂತ ಅವರೇ ಆತ್ಮಕಥೆಯಲ್ಲಿ ಬರೆದವ್ರೆ.

ಓದಿದೋರು, ವಿಲಾಯ್ತಿಗೆ ಬ್ಯಾರಿಸ್ಟರ್ ಆಗಕ್ಕೆ ಹೊಂಟೋರು, ಗಂಡಸರು. ಅವರಿಗೇ ಅಷ್ಟು ಸಂಕೋಚ. ಅಂದ್ಮೇಲೆ ಊಟ ಇದ್ದರೆ ಸಾಲದು, ಕೇಳಕ್ಕೆ ಬಾಯಿ ಬರಬೇಕು. ಇಲ್ಲಾಂದ್ರೆ ಬಡಿಸೋರೇ ಬಂದು ಕೇಳಬೇಕು. ಈ ಮಾತು ಮನಸ್ಸಲ್ಲಿ ಇಟ್ಕಳಿ, ಈಗ ರೈಲಿಗೆ ಬರಾಣ.

ನಮ್ಮ ಕಡೆ ರೈಲು ಬಂದಿದ್ದು ದೊಡ್ಡ ಬರದ ಬೆನ್ನಿಗೆ. 1876–78ರ ಆ ಬರಕ್ಕೆ ಹಳಬರು ಧಾತು ಈಶ್ವರ ಬರ ಅಂತಿದ್ರು. ಧಾತು ಸಂವತ್ಸರ, ಈಶ್ವರ ಸಂವತ್ಸರ ಎರಡೂ ಸೇರಿ ಜನಾನ ನುಂಗಿದ್ದು. ಅದಾದ ಕೆಲವೇ ವರ್ಷಕ್ಕೆ, 1882ರ ಹೊತ್ತಿಗೆ, ಬೆಂಗಳೂರಿಂದ ಮೈಸೂರಿನ ತನಕ ಸುಮಾರು 140 ಕಿ.ಮೀ. ಮೀಟರ್ ಗೇಜ್ ಹಾದಿ ಆಯ್ತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಾ ಆ ಹಾದೀಲೇ ಬತ್ತವೆ. ನಮ್ಮ ಬಸರಾಳಿಗೆ ರೈಲಿಲ್ಲ. ಇಲ್ಲಿಂದ ಸುಮಾರು 25 ಕಿ.ಮೀ. ಮಂಡ್ಯಕ್ಕೆ ಹೋಗಿ ಹತ್ತಬೇಕು. ಅವತ್ತೂ ಅಷ್ಟೇ, ಇವತ್ತೂ ಅಷ್ಟೇ.

ಆವಾಗಿನ ರೈಲಲ್ಲಿ ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಒಳಗಡೆಯಿಂದ ಹೋಗಕ್ಕೆ ಹಾದಿ ಇರ್ತಿರಲಿಲ್ಲ. ಅದಕ್ಕೆ ಅಡುಗೆಮನೆ ಜೊತೇಲಿ ಬರ್ತಿರಲಿಲ್ಲ. ಹಸಿವಾದ್ರೆ ರೈಲು ನಿಂತಾಗ ಪ್ರಯಾಣಿಕರೇ ಇಳಿದು ಊಟ ಹುಡುಕ್ಕಂಡು ಹೋಗಬೇಕು. ಬ್ರಿಟಿಷರ ಕಾಲದ ದೊಡ್ಡ ದೊಡ್ಡ ಸ್ಟೇಷನ್ನುಗಳಲ್ಲಿ ಸಾಹೇಬರಿಗೆ ಮೇಜು ಕುರ್ಚಿ ಹಾಕಿದ ಕೋಣೆ, ಬ್ರಾಹ್ಮಣರಿಗೆ ಬೇರೆ ಕೋಣೆ, ಮಿಕ್ಕೋರಿಗೆ ಬೇರೆ. ಕುಡಿಯೋ ನೀರೂ ಹಿಂದೂ ನೀರು, ಮುಸ್ಲಿಂ ನೀರು ಅಂತ ಬೇರೆ ಬೇರೆ. ಹಸಿವು ಎಲ್ಲರಿಗೂ ಒಂದೇ, ಬಾಗಿಲು ಮಾತ್ರ ಬೇರೆ ಬೇರೆ.

ಇದರಲ್ಲಿ ಹೆಂಗಸರ ಬಾಗಿಲು ಯಾವುದು? ಯಾವುದೂ ಅಲ್ಲ. ಕಂಕುಳಲ್ಲಿ ಮಗು, ಕೈಲಿ ಗಂಟು, ರೈಲು ಯಾವಾಗ ಸಿಳ್ಳೆ ಹಾಕ್ತದೋ ಅನ್ನೋ ಭಯ, ಹತ್ತು ಜನ ಗಂಡಸರು ಕೂತಿರೋ ಕಡೆ ಒಬ್ಬಳೇ ಹೋಗಿ ತಿನ್ನೋದು ಎಂಗೆ ಅನ್ನೋ ಅಳುಕು. ಅದಕ್ಕೆ ನಮ್ಮೋರು ಇಳೀತಿರಲಿಲ್ಲ. ಬುತ್ತಿ ಇದ್ರೆ ಬುತ್ತಿ, ಇಲ್ಲಾಂದ್ರೆ ಉಪವಾಸ. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಹುಳಿಯನ್ನ, ಹುರಿಗಾಳು ಇವೇ ನಮ್ಮ ಕಡೆ ಬುತ್ತಿ. ಮುದ್ದೆ ಕಟ್ಕಂಡು ಹೋಗಕ್ಕಾಗಲ್ಲ ನೋಡಿ, ಆ ಒಂದು ವಿಷಯದಲ್ಲಿ ಮಂಡ್ಯದೋರು ಬಡವರು!

ಇನ್ನೂ ಒಂದು ಕಾರಣ ಇತ್ತು. ಅದನ್ನ ಯಾರೂ ಬಾಯಿ ಬಿಟ್ಟು ಹೇಳ್ತಿರಲಿಲ್ಲ. ನೀರು ಕುಡಿದ್ರೆ ಆಮೇಲೆ ಹೋಗೋದೆಲ್ಲಿಗೆ? 1890ರ ರೈಲ್ವೆ ಕಾಯ್ದೆಯಲ್ಲಿ ಒಂದು ಮಾತು ಅದೆ: ಪ್ರತಿ ಪ್ರಯಾಣಿಕರ ರೈಲಲ್ಲೂ ಕೆಳದರ್ಜೆಯ ಒಂದು ಭಾಗನಾದ್ರೂ ಹೆಂಗಸರಿಗೆ ಅಂತ ಬಿಡಬೇಕು, 50 ಮೈಲಿಗಿಂತ ದೂರ ಹೋಗೋ ರೈಲಾದ್ರೆ ಆ ಭಾಗದಲ್ಲಿ ಶೌಚಕ್ಕೆ ಜಾಗ ಇರಬೇಕು ಅಂತ. ಅಂದ್ರೆ 50 ಮೈಲಿ ತನಕ ಹೆಂಗಸರು ತಡ್ಕಬೇಕು ಅಂತ ಸರ್ಕಾರವೇ ಲೆಕ್ಕ ಹಾಕಿತ್ತು. ಗಂಡಸರ ಪಾಡೂ ಚೆನ್ನಾಗಿರಲಿಲ್ಲ ಬಿಡಿ. 1909ರಲ್ಲಿ ಬಂಗಾಳದ ಕಡೆ ಓಖಿಲ್ ಚಂದ್ರ ಸೇನ್ ಅನ್ನೋ ಪ್ರಯಾಣಿಕರು ಹಲಸಿನ ಹಣ್ಣು ಜಾಸ್ತಿ ತಿಂದು, ಹೊಟ್ಟೆ ಉಬ್ಬರಿಸಿ, ಅಹ್ಮದ್‌ಪುರ ಸ್ಟೇಷನ್ನಲ್ಲಿ ಚೊಂಬು ಹಿಡ್ಕಂಡು ಇಳಿದ್ರು. ಅಷ್ಟರಲ್ಲಿ ಗಾರ್ಡು ಸಿಳ್ಳೆ ಊದಿ ರೈಲು ಬಿಟ್ಟೇಬಿಟ್ಟ. ಇವರು ಒಂದು ಕೈಲಿ ಚೊಂಬು, ಒಂದು ಕೈಲಿ ಪಂಚೆ ಹಿಡ್ಕಂಡು ಓಡಿ ಬಿದ್ದು, ಕೊನೆಗೆ ರೈಲ್ವೆಗೆ ಸಿಟ್ಟಿನ ಪತ್ರ ಬರೆದ್ರು. ಆ ಪತ್ರ ದೆಹಲಿ ರೈಲ್ವೆ ಮ್ಯೂಸಿಯಮ್ಮಿನಿಂದ ದೇಶಕ್ಕೆಲ್ಲ ಹೆಸರಾಗದೆ. ಕೆಳದರ್ಜೆ ಡಬ್ಬಿಗೆಲ್ಲ ಶೌಚಾಲಯ ಬರಕ್ಕೆ ಅದೇ ಕಾರಣ ಅಂತ ಜನ ಹೇಳ್ತಾರೆ. ಗಂಡಸು ಆದ್ದರಿಂದ ಪತ್ರ ಬರೆದ್ರು. ಹೆಂಗಸರು ನೀರು ಕುಡಿಯೋದನ್ನೇ ಬಿಟ್ಟಿದ್ರು, ಅವರ ಪತ್ರ ಯಾವ ಮ್ಯೂಸಿಯಮ್ಮಲ್ಲೂ ಇಲ್ಲ.

ಇಂಥ ಕಾಲದಲ್ಲಿ ಮದ್ದೂರು ಸ್ಟೇಷನ್ನಿಗೆ ಬಂದೋರು ರಾಮಚಂದ್ರ ಬುಧ್ಯ ಅನ್ನೋರು. 1917ರಲ್ಲಿ ಅವರು ಅಲ್ಲಿ ತಿಂಡಿ ಮಾರಕ್ಕೆ ಶುರು ಮಾಡಿದ್ರು. ಉಗಿಬಂಡಿ ಕಾಲ ಅದು. ಇಂಜಿನ್ನಿಗೆ ನೀರು ತುಂಬಿಸ್ಕಳಕ್ಕೆ ರೈಲು ಮದ್ದೂರಲ್ಲಿ ವಸಿ ಹೊತ್ತು ನಿಲ್ತಿತ್ತು ಅಂತಾರೆ. ಪಕ್ಕದಲ್ಲೇ ಶಿಂಷಾ ನದಿ. ಇಂಜಿನ್ನಿಗೆ ನೀರು, ಜನಕ್ಕೆ ತಿಂಡಿ. ವಡೆ ಹುಟ್ಟಿದ ಕತೆ ಇಂಗೆ ಹೇಳ್ತಾರೆ: ಒಂದು ದಿನ ರೈಲು ಎಣಿಸಿದ್ದಕ್ಕಿಂತ ಬೇಗ ಬಂದ್ಬುಡ್ತಂತೆ. ಪಕೋಡ ಬೇಯಕ್ಕೆ ಹೊತ್ತಿಲ್ಲ. ಬುಧ್ಯರು ಹಿಟ್ಟನ್ನ ಕೈಲಿ ಚಪ್ಪಟೆಯಾಗಿ ತಟ್ಟಿ ಎಣ್ಣೆಗೆ ಬಿಟ್ರಂತೆ. ಜನ ತಿಂದು, ಮಾರನೇ ಸಲವೂ ಅದನ್ನೇ ಕೇಳಿದ್ರಂತೆ.

ಕತೆ ಎಷ್ಟು ನಿಜವೋ, ಒಲೆ ಮುಂದೆ ನಿಂತಿರೋ ನಮಗೆ ಅದರ ಲೆಕ್ಕ ಮಾತ್ರ ಸರಿಯಾಗೇ ಕಾಣ್ತದೆ. ಉದ್ದಿನ ವಡೆ ಮಾಡಬೇಕಾದ್ರೆ ನೆನೆ ಹಾಕಬೇಕು, ರುಬ್ಬಬೇಕು. ಬೆಂದ ಮೇಲೆ ಸಾಂಬಾರೋ ಚಟ್ನಿಯೋ ಬೇಕು. ತಟ್ಟೆ ಬೇಕು, ಕೂರಕ್ಕೆ ಜಾಗ ಬೇಕು. ಸಂಜೆ ಹೊತ್ತಿಗೆ ಮೆತ್ತಗಾಯ್ತದೆ. ಮದ್ದೂರು ವಡೆಗೆ ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಮೇಲೆ ಒಂದು ಸೌಟು ಕಾದ ಎಣ್ಣೆ. ಈರುಳ್ಳಿಗೆ ಉಪ್ಪು ಹಾಕಿ ಹಿಸುಕಿದ್ರೆ ಬಿಡೋ ನೀರಲ್ಲೇ ಅರ್ಧ ಹಿಟ್ಟು ಕಲೀತದೆ. ರುಬ್ಬಂಗಿಲ್ಲ, ನೆನೆಸಂಗಿಲ್ಲ. ತೆಳ್ಳಗಿರೋದ್ರಿಂದ ಒಳಗೆ ಹಸಿ ಉಳಿಯಲ್ಲ. ಗರಿಗರಿಯಾಗಿರ್ತದೆ, ಮೈಸೂರು ಬಿಟ್ಟು ಬೆಂಗಳೂರು ಮುಟ್ಟಿದ್ರೂ ಕೆಡಲ್ಲ. ಕಾಗದದಲ್ಲಿ ಸುತ್ತಿ ಕೊಟ್ರೆ ಆಯ್ತು, ಒಂದು ಕೈ ಸಾಕು. ಇನ್ನೊಂದು ಕೈಲಿ ಮಗು ಇದ್ರೂ ತಿನ್ನಬಹುದು.

ಆ ಕೊನೆ ಮಾತೇ ನಂಗೆ ಮುಖ್ಯ. ಹಡಗು ಅಡುಗೆಮನೆಯನ್ನ ಹೊತ್ಕಂಡು ಹೋಯ್ತದೆ. ಹಳೇ ರೈಲು ಜನಾನೇ ಅಡುಗೆಮನೆ ತಾವ್ಕೆ ಇಳಿಸ್ತಿತ್ತು. ಮದ್ದೂರಲ್ಲಿ ಮಾತ್ರ ಅಡುಗೆಮನೆಯೇ ಕಿಟಕಿ ತಾವ್ಕೆ ಬಂತು. ಇಳಿಯಂಗಿಲ್ಲ, ಬಾಗಿಲು ಹುಡುಕಂಗಿಲ್ಲ. ಕಿಟಕಿ ಸರಳಿನ ಸಂದೀಲಿ ಕಾಸು ಆಚೆಗೆ, ವಡೆ ಈಚೆಗೆ. ಕೊಡೋನು ನಿಮ್ಮ ಜಾತಿ ಕೇಳ್ತಿರಲಿಲ್ಲ, ನೀವು ಅವನ ಜಾತಿ ಕೇಳಕ್ಕೆ ಪುರುಸೊತ್ತೂ ಇರ್ತಿರಲಿಲ್ಲ.

ನಮ್ಮ ಅವ್ವನ ಅವ್ವ ಹುಟ್ಟಿ ಬೆಳೆದಿದ್ದು, ಬಾಳಿದ್ದು ಎಲ್ಲಾ ಬಸರಾಳು ಸುತ್ತಮುತ್ತಲೇ. ಸಾಯೋ ತನಕ ಒಂದು ಹೋಟ್ಲು ಮೆಟ್ಟಿಲು ಹತ್ತಲಿಲ್ಲ. ಸಂತೇಲಿ ಕಾಫಿ ಬೇಕಾದ್ರೂ ಗಂಡಸರು ಒಳಗೆ ಕುಡಿದು ಬರೋ ತನಕ ಗಾಡಿ ತಾವ ಕಾಯ್ತಿದ್ರು. ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗೋವಾಗ ಮಂಡ್ಯದಲ್ಲಿ ರೈಲು ಹತ್ತಿದ್ರಂತೆ. ಮಂಡ್ಯದಿಂದ ಮದ್ದೂರಿಗೆ 20 ಕಿ.ಮೀ. ಆಸುಪಾಸು, ಅಷ್ಟರಲ್ಲಿ ಯಾರಿಗೆ ಹಸಿವಾಯ್ತದೆ? ಆದ್ರೂ ಎರಡು ವಡೆ ತಗಂಡ್ರಂತೆ. ವಡೆ ರುಚಿ ಬಗ್ಗೆ ಅಜ್ಜಿ ಜಾಸ್ತಿ ಏನೂ ಹೇಳ್ತಿರಲಿಲ್ಲ. "ಈರುಳ್ಳಿ ವಸಿ ಜಾಸ್ತಿ ಇತ್ತು" ಅಂತಿದ್ರು ಅಷ್ಟೇ. ಮತ್ತೆ ಮತ್ತೆ ಹೇಳ್ತಿದ್ದ ಮಾತು ಬೇರೆ: "ಅವನು ನನ್ನೇ ನೋಡ್ಕಂಡು ‘ಅವ್ವಾ, ನಿಂಗೆಷ್ಟು ಕೊಡ್ಲಿ’ ಅಂತ ಕೇಳ್ದ ಕನವ್ವ."

ಹದಿನಾಕು ಜನದ ಮನೇಲಿ ದಿನಾ ಎರಡೊತ್ತೂ ‘ನಿಂಗೆಷ್ಟು ಹಾಕ್ಲಿ’ ಅಂತ ಎಲ್ಲರನ್ನೂ ಕೇಳ್ತಿದ್ದ ಜೀವ ಅದು. ಅವರನ್ನ ಯಾರೂ ಕೇಳ್ತಿರಲಿಲ್ಲ. ಎಲ್ಲರದೂ ಆದ ಮೇಲೆ ತಳ ಕೆರೆದು ಉಣ್ಣೋರಿಗೆ ಎಷ್ಟು ಬೇಕು ಅಂತ ಕೇಳೋ ಪ್ರಶ್ನೆಯೇ ಇರಲಿಲ್ಲ.

ಈಗ ಸೇವೆ ಅಂದ್ರೆ ದೊಡ್ಡ ದೊಡ್ಡ ಮಾತು. 2008ರಲ್ಲಿ ನಮ್ಮ ರಾಜ್ಯದ್ದೇ ‘ಗೋಲ್ಡನ್ ಚಾರಿಯಟ್’ ಅನ್ನೋ ಐಷಾರಾಮಿ ರೈಲು ಬಂತು. ಹಡಗಿನ ಥರವೇ, ಮಲಗೋ ಕೋಣೆ, ಊಟ, ಎಲ್ಲಾ ಜೊತೇಲೇ. ಡಬ್ಬಿಗಳಿಗೆ ಕದಂಬ, ಗಂಗ, ಹೊಯ್ಸಳ ಅಂತ ರಾಜಮನೆತನದ ಹೆಸರು. 1234ರ ಹೊಯ್ಸಳರ ಕಾಲದ ಮಲ್ಲಿಕಾರ್ಜುನನ ಗುಡಿ ಇರೋದು ನಮ್ಮೂರಲ್ಲಿ, ಹೊಯ್ಸಳ ಡಬ್ಬಿ ಓಡೋದು ಪರದೇಶದೋರನ್ನ ಕೂರಿಸ್ಕಂಡು! ಊಟದ ಎರಡು ಡಬ್ಬಿಗೆ ‘ನಳ’ ಮತ್ತು ‘ರುಚಿ’ ಅಂತ ಹೆಸರು. ನಳಪಾಕ, ಭೀಮಪಾಕ ಅಂತಾರಲ್ಲ, ಅದರ ನೆನಪಿಗೆ. ದಮಯಂತಿ ಪಾಕ, ದ್ರೌಪದಿ ಪಾಕ ಅಂತ ಯಾವತ್ತಾದ್ರೂ ಕೇಳಿದ್ದೀರಾ? ಒಂದು ದಿನ ಅಡುಗೆ ಮಾಡಿದ ಗಂಡಸಿನ ಹೆಸರು ರೈಲಿನ ಮೇಲೆ, ದಿನಾ ಮಾಡೋರ ಹೆಸರು ಹೊಗೇಲಿ.

2022ರ ನವೆಂಬರಲ್ಲಿ ಮೈಸೂರು–ಚೆನ್ನೈ ‘ವಂದೇ ಭಾರತ್’ ಬಂತು. ಕೂತ ಜಾಗಕ್ಕೇ ಊಟ ತಂದು ಕೊಡ್ತಾರೆ, ಆದ್ರೆ ಆ ಡಬ್ಬೀಲಿ ಕಿಟಕಿ ತೆಗೆಯಂಗಿಲ್ಲ. ಉಗಿಬಂಡಿ ಹೋಯ್ತು, ಮೀಟರ್ ಗೇಜ್ ಹೋಯ್ತು, ಇಂಜಿನ್ನಿಗೆ ಮದ್ದೂರಿನ ನೀರು ಬೇಡ. ಕೈಯಿಂದ ಕೈಗೆ ಬದಲಾಗಿ ನಡೀತಿದ್ದ ಮದ್ದೂರು ಸ್ಟೇಷನ್ನಿನ ಆ ಹಳೇ ತಿಂಡಿ ಕೋಣೆ ನೂರು ವರ್ಷ ತುಂಬಿದ 2017ರಲ್ಲೇ ಬಾಗಿಲು ಹಾಕ್ತು. ವಡೆಗೇನೂ ಬರ ಬಂದಿಲ್ಲ. ಹೆದ್ದಾರಿ ಉದ್ದಕ್ಕೂ ಸಿಗ್ತದೆ, ಬೆಂಗಳೂರಿನ ಬೇಕರೀಲೂ ಸಿಗ್ತದೆ. ನಿಂತು ನಿಂತು ಹೋಗೋ ರೈಲಲ್ಲಿ ಬುಟ್ಟಿ ಹೊತ್ತೋರು ಈಗಲೂ "ವಡೇ ವಡೇ ಮದ್ದೂರ್ ವಡೇ" ಅಂತ ಕೂಗ್ಕಂಡು ನಿಮ್ಮ ಸೀಟಿನ ತಾವ್ಕೇ ಬತ್ತಾರೆ. ನಾನು ಹಸಿವಿಲ್ಲದಿದ್ರೂ ತಗತೀನಿ.

ಇದನ್ನ ಓದಿದ ಮೇಲೆ ಒಂದು ಕೆಲಸ ಮಾಡಿ. ಮನೇಲಿ ವಯಸ್ಸಾದ ಅವ್ವನೋ ಅತ್ತೆಯೋ ಇದ್ರೆ, ನೀವು ಮೊದಲ ಸಲ ಮನೆ ಹೊರಗೆ ದುಡ್ಡು ಕೊಟ್ಟು ತಿಂದಿದ್ದು ಎಲ್ಲಿ, ಏನು ಅಂತ ಕೇಳಿ. ಉತ್ತರ ಬಂದ್ರೆ ಊರು, ರೈಲು, ತಿಂಡಿ ಎಲ್ಲಾ ಒಂದು ಕಡೆ ಬರೆದಿಡಿ. ಅಂಗೇ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವರಿಗೆ ಮೊದಲು ತಟ್ಟೆ ಇಟ್ಟು, ಎಷ್ಟು ಹಾಕ್ಲಿ ಅಂತಾನೂ ಕೇಳಿ.