ಮಂಗಳೂರಿನಲ್ಲಿ ಬಾಳಿದ ಯಹೂದಿ ವಿದ್ವಾಂಸ: ಇಬ್ರಾಹೀಮ್ ಬೆನ್ ಯಿಜು

ಮೀಲಾದ್ ಹತ್ತಿರ ಬಂತೆಂದರೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ನಾತ್ ಕಲಿಯಲು ತೊಡಗುತ್ತಾರೆ. ಮನೆಯಲ್ಲಿ ಆಡುವುದು ಉರ್ದು, ಬರೆಯಲು ಬರುವುದು ಕನ್ನಡ. ಹೀಗಾಗಿ ಉರ್ದು ನಾತನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಉರ್ದು ಕಲಿಸುವವನಾದ ನನಗೆ ಮೊದಮೊದಲು ಇದನ್ನು ಕಂಡರೆ ಬೇಸರವಾಗುತ್ತಿತ್ತು. ಭಾಷೆ ಒಂದು, ಲಿಪಿ ಇನ್ನೊಂದು, ಇದೆಂಥ ಕಲಿಕೆ ಎನಿಸುತ್ತಿತ್ತು. ಆದರೆ ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮದೇ ನಾಡಿನ ಮಂಗಳೂರಿನಲ್ಲಿ ಕುಳಿತು ಅರಬ್ಬಿ ಭಾಷೆಯನ್ನು ಹೀಬ್ರೂ ಅಕ್ಷರಗಳಲ್ಲಿ ಬರೆಯುತ್ತಿದ್ದ ಒಬ್ಬ ಯಹೂದಿಯ ವಿಷಯ ಓದಿದ ಮೇಲೆ ಆ ಬೇಸರ ಕಡಿಮೆಯಾಯಿತು. ಆತನ ಹೆಸರು ಅಬ್ರಹಾಂ ಬೆನ್ ಯಿಜು. ಅರಬ್ಬಿ ಪತ್ರಗಳಲ್ಲಿ ಶೇಖ್ ಅಬೂ ಇಸ್‌ಹಾಕ್ ಇಬ್ರಾಹೀಮ್.

ಯಹೂದಿಗಳಲ್ಲಿ ಧರ್ಮಶಾಸ್ತ್ರ ಬಲ್ಲ ಗುರುವಿಗೆ ರಬ್ಬಿ ಎನ್ನುತ್ತಾರೆ. ನಮ್ಮಲ್ಲಿ ಮೌಲ್ವಿ, ಮುಫ್ತಿ ಇದ್ದಂತೆ. ಯುರೋಪಿನ ರಬ್ಬಿಗಳ ಜೀವನ ಚರಿತ್ರೆ ಹುಡುಕುವುದು ಅಂಥ ಕಷ್ಟದ ಕೆಲಸವಲ್ಲ. 17ನೇ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿದ್ದ ಮನಸ್ಸೆ ಬೆನ್ ಇಸ್ರೇಲ್ ಎಂಬ ರಬ್ಬಿ 1626ರಲ್ಲಿ ಸ್ವಂತ ಹೀಬ್ರೂ ಮುದ್ರಣಾಲಯ ತೆರೆದರು. 1655ರಲ್ಲಿ ಲಂಡನ್ನಿಗೆ ಹೋಗಿ, ಇಂಗ್ಲೆಂಡಿನಲ್ಲಿ ಯಹೂದಿಗಳಿಗೆ ಮತ್ತೆ ನೆಲೆಸಲು ಅವಕಾಶ ಕೊಡಿ ಎಂದು ಕ್ರಾಮ್‌ವೆಲ್‌ಗೆ ಮನವಿ ಸಲ್ಲಿಸಿದರು. ಅವರ ಪುಸ್ತಕಗಳು ಅಚ್ಚಾದವು, ಹೆಸರು ಉಳಿಯಿತು. ಇಬ್ರಾಹೀಮ್ ಬೆನ್ ಯಿಜುವಿನ ಕಾಲದಲ್ಲಿ ಅಚ್ಚುಕೂಟವೇ ಇರಲಿಲ್ಲ. ಆತ ಮಠಾಧಿಪತಿಯಲ್ಲ, ದೊರೆಯ ಮಂತ್ರಿಯಲ್ಲ, ಹೊಟ್ಟೆಪಾಡಿಗೆ ವ್ಯಾಪಾರ ಮಾಡಿಕೊಂಡಿದ್ದ ವಿದ್ವಾಂಸ. ಆದರೂ ಆತನ ಮನೆಗೆ ಏಡನ್ನಿನಿಂದ ಯಾವ ಸಾಮಾನು ಬಂತು, ಯಾರ ಮೇಲೆ ಆತನಿಗೆ ಸಿಟ್ಟು ಬಂತು ಎಂಬುದೆಲ್ಲ ಇಂದು ನಮಗೆ ಗೊತ್ತು. ಅದು ಹೇಗೆ ಸಾಧ್ಯವಾಯಿತು ಎಂಬುದೇ ಸ್ವಾರಸ್ಯದ ಸಂಗತಿ.

ಬೆನ್ ಯಿಜು ಹುಟ್ಟಿದ್ದು ಉತ್ತರ ಆಫ್ರಿಕಾದ ಮಹ್ದಿಯಾ ಎಂಬ ಬಂದರು ಪಟ್ಟಣದಲ್ಲಿ. ಅದು ಈಗಿನ ಟ್ಯುನಿಷಿಯಾ ದೇಶದಲ್ಲಿದೆ. ತಂದೆ ಪೆರಹ್ಯಾ ಓದು ಬಲ್ಲವರು. ಮಗನಿಗೂ ಧರ್ಮಶಾಸ್ತ್ರ, ಹೀಬ್ರೂ ಕಾವ್ಯ ಮತ್ತು ಸುಂದರ ಕೈಬರಹ ಕಲಿಸಿದರು. ಈ ಕೈಬರಹದ ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎಂಟು ಶತಮಾನಗಳ ನಂತರ ವಿದ್ವಾಂಸರು ಹರಿದ ಚೂರುಗಳನ್ನು ಮುಂದಿಟ್ಟುಕೊಂಡು ಇದು ಬೆನ್ ಯಿಜು ಬರೆದದ್ದು ಎಂದು ಗುರುತಿಸಿದ್ದು ಆ ಅಕ್ಷರಗಳಿಂದಲೇ.

ಯುವಕನಾಗಿದ್ದಾಗಲೇ ಆತ ಏಡನ್ನಿಗೆ ಬಂದ. ಅಲ್ಲಿ ವ್ಯಾಪಾರಿಗಳ ಮುಖ್ಯಸ್ಥನಾಗಿದ್ದ ಮದ್ಮೂನ್ ಎಂಬ ಯಹೂದಿ ಹಿರಿಯ ಆತನಿಗೆ ಆಸರೆಯಾದ. ಅಲ್ಲಿಂದ ಹಡಗು ಹತ್ತಿ ಮಂಗಳೂರಿಗೆ. 1132ರ ಹೊತ್ತಿಗೆ ಆತ ಮಂಗಳೂರಿನಲ್ಲಿದ್ದ ಎಂಬುದಕ್ಕೆ ದಾಖಲೆಯಿದೆ. ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು. ಇತ್ತ ನಮ್ಮ ಭಾಗದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರನ ಆಳ್ವಿಕೆ. ಲಕ್ಷ್ಮೇಶ್ವರಕ್ಕೆ ಅಂದು ಪುಲಿಗೆರೆ ಎಂಬ ಹೆಸರಿತ್ತು. ನಮ್ಮವರು ದಾನ ದತ್ತಿಗಳನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದ ಆ ದಿನಗಳಲ್ಲಿ, ಕರಾವಳಿಯಲ್ಲಿ ಕುಳಿತ ಈ ಪರದೇಶಿ ಕಾಗದಕ್ಕಾಗಿ ಹಂಬಲಿಸುತ್ತಿದ್ದ.

ಹಂಬಲ ಎಂದರೆ ಉತ್ಪ್ರೇಕ್ಷೆಯಲ್ಲ. ತುಳುನಾಡಿನಲ್ಲಿ ಬರವಣಿಗೆಗೆ ಇದ್ದದ್ದು ಓಲೆಗರಿ. ಕಾಗದ ಬರಬೇಕಾದರೆ ಸಮುದ್ರ ದಾಟಿಯೇ ಬರಬೇಕು. ಏಡನ್ನಿನ ಗೆಳೆಯರು ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಬಟ್ಟೆಗಳ ಜೊತೆಗೆ ಒಳ್ಳೆಯ ಕಾಗದವನ್ನೂ ಉಡುಗೊರೆಯಾಗಿ ಕಳಿಸುತ್ತಿದ್ದರು. ಅದನ್ನು ಬೆನ್ ಯಿಜು ಜೋಪಾನವಾಗಿ ಬಳಸುತ್ತಿದ್ದ. ಬಂದ ಪತ್ರದ ಹಿಂಬದಿಯಲ್ಲಿ, ಅಂಚಿನಲ್ಲಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಲೆಕ್ಕ ಬರೆಯುತ್ತಿದ್ದ, ಪದ್ಯ ಬರೆಯುತ್ತಿದ್ದ, ಧರ್ಮಶಾಸ್ತ್ರದ ಪ್ರಶ್ನೆಗಳಿಗೆ ಉತ್ತರದ ಕರಡು ತಯಾರಿಸುತ್ತಿದ್ದ. ಒಂದೇ ಹಾಳೆಯ ಮೇಲೆ ಒಂದು ಕಡೆ ಕಾಳುಮೆಣಸಿನ ಬಾಬತ್ತು, ಇನ್ನೊಂದು ಕಡೆ ಶಾಸ್ತ್ರ ವಿಚಾರ. ಹೊಸ ನೋಟಬುಕ್ಕಿನ ಅರ್ಧ ಹಾಳೆಗಳನ್ನು ಹರಿದು ಎಸೆಯುವ ನಮ್ಮ ಹುಡುಗರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಆತನ ವ್ಯಾಪಾರ ದೊಡ್ಡದು. ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಏಡನ್ನಿಗೆ ಕಳಿಸುತ್ತಿದ್ದ. ಇದಲ್ಲದೆ ಲೋಹದ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯೊಂದಿತ್ತು. ಏಡನ್ನಿನ ಗಿರಾಕಿಗಳು ಒಡೆದ ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸುವುದು, ಇಲ್ಲಿನ ಕಂಚುಗಾರರು ಅವನ್ನು ಕರಗಿಸಿ ಹೊಸ ತಟ್ಟೆ, ಹೂಜಿ, ದೀಪಗಳನ್ನು ಮಾಡಿ ಕೊಡುವುದು. ಹಳೆಯ ಪಾತ್ರೆ ಕೊಟ್ಟು ಹೊಸದನ್ನು ಕೊಳ್ಳುವ ರೂಢಿ ನಮಗೂ ಗೊತ್ತಿರುವುದೇ. ಆದರೆ ಅದಕ್ಕಾಗಿ ಅರಬ್ಬಿ ಸಮುದ್ರವನ್ನು ಎರಡು ಸಲ ದಾಟುತ್ತಿದ್ದರೆಂದರೆ ತುಳುನಾಡಿನ ಕಂಚುಗಾರರ ಕೈಗೆ ಎಂಥ ಹೆಸರಿದ್ದಿರಬೇಕು!

ಹಡಗುಗಳು ಮಾರುತವನ್ನು ಕಾದು ಹೊರಡಬೇಕಿತ್ತು. ಬರುವಾಗ ನೈಋತ್ಯ ಮಾರುತ, ಹೋಗುವಾಗ ಚಳಿಗಾಲದ ಈಶಾನ್ಯ ಮಾರುತ. ಒಂದು ಪತ್ರಕ್ಕೆ ಉತ್ತರ ಬರಬೇಕಾದರೆ ಮುಂದಿನ ಋತುವಿನವರೆಗೆ ಕಾಯಬೇಕು. ನಷ್ಟಗಳೂ ಕಡಿಮೆಯಿರಲಿಲ್ಲ. ಒಮ್ಮೆ ಆತನ ಸರಕಿದ್ದ ಹಡಗು ಏಡನ್ ಸಮೀಪಕ್ಕೆ ಬಂದು ಮುಳುಗಿತು. ಗೆಳೆಯರು ಮುಳುಗುಗಾರರನ್ನು ಇಳಿಸಿ ಕಬ್ಬಿಣದಲ್ಲಿ ಅರ್ಧದಷ್ಟನ್ನು ಎತ್ತಿಸಿದರು. ಮೆಣಸು ಪೂರ್ತಿ ಹೋಯಿತು. ಇನ್ನೊಮ್ಮೆ ಏಲಕ್ಕಿಗೆಂದು ಮುಂಗಡ ಪಡೆದ ಸ್ಥಳೀಯ ದಲ್ಲಾಳಿ ಮಾಲು ಕೊಡದೆ ಸತಾಯಿಸಿದ. ಪತ್ರಗಳಲ್ಲಿ ಈತನನ್ನು ‘ಕಾರದಾರ’ ಎಂದೇ ಕರೆಯಲಾಗಿದೆ. ಆ ಪದ ನಮ್ಮ ಹಳೆಯ ಕಾಗದ ಪತ್ರಗಳಲ್ಲಿಯೂ ಇದೆ.

ಈ ವ್ಯಾಪಾರ ಒಂದೇ ಸಮಾಜದವರ ಕೈಯಲ್ಲಿ ಇರಲಿಲ್ಲ. ಯಹೂದಿ, ಮುಸ್ಲಿಂ, ಹಿಂದೂ ವ್ಯಾಪಾರಿಗಳು ಪರಸ್ಪರರ ಹಡಗಿನಲ್ಲಿ ಸರಕು ಹಾಕುತ್ತಿದ್ದರು, ಬಹಳ ಸಲ ಮಾತಿನ ಮೇಲೆಯೇ ಸಾಲ ಕೊಡುತ್ತಿದ್ದರು. ಇಲ್ಲಿ ರಾಮಿಶ್ತ್ ಎಂಬ ಮುಸ್ಲಿಂ ಹಡಗುದಾರನ ಹೆಸರು ಹೇಳಲೇಬೇಕು. ಇರಾನಿನ ಸಿರಾಫ್ ಬಂದರಿನ ಈ ಶ್ರೀಮಂತ ಕಾಬಾ ಶರೀಫ್‌ಗೆ ಚಿನ್ನದ ಮೀಜಾಬ್ ಮಾಡಿಸಿಕೊಟ್ಟವನು, ಚೀನೀ ಬಟ್ಟೆಯ ಗಿಲಾಫ್ ಅರ್ಪಿಸಿದವನು. 1135ರಲ್ಲಿ ಕೀಶ್ ದ್ವೀಪದ ದೊರೆಯ ಹಡಗು ಪಡೆ ಏಡನ್ನನ್ನು ಮುತ್ತಿತು. ಬಂದರಿನ ಜನ ಕಂಗಾಲಾಗಿದ್ದಾಗ ರಾಮಿಶ್ತನ ಎರಡು ದೊಡ್ಡ ಹಡಗುಗಳು ಅಲ್ಲಿಗೆ ಬಂದವು. ಏಡನ್ನಿನ ಸೈನಿಕರು ಆ ಹಡಗುಗಳನ್ನೇರಿ ಹೋರಾಡಿದರು, ಮುತ್ತಿಗೆ ಮುರಿಯಿತು. ಈ ಸುದ್ದಿಯನ್ನು ಸಂತೋಷದಿಂದ ಬರೆದು ಮಂಗಳೂರಿಗೆ ತಿಳಿಸಿದವನು ಯಹೂದಿಯಾದ ಮದ್ಮೂನ್.

ಆ ವರ್ಷ ಬೆನ್ ಯಿಜುವಿನ ಪರವಾಗಿ ಸರಕು ತೆಗೆದುಕೊಂಡು ಏಡನ್ನಿಗೆ ಹೋಗಿದ್ದವನು ಬೊಮ್ಮ ಎಂಬ ಆಳು. ಹೀಬ್ರೂ ಅಕ್ಷರಗಳಲ್ಲಿ ಸ್ವರಗಳಿಲ್ಲದೆ ಬರೆದ ಈ ಹೆಸರು ಬಹಳ ಕಾಲ ಒಗಟಾಗಿತ್ತು. ಲೇಖಕ ಅಮಿತಾವ್ ಘೋಷ್ ಅವರು ಮಂಗಳೂರಿಗೆ ಬಂದು ಇಲ್ಲಿನ ವಿದ್ವಾಂಸರಾದ ಬಿ.ಎ. ವಿವೇಕ ರೈ ಅವರಂಥವರನ್ನು ಕೇಳಿ, ಇದು ತುಳುನಾಡಿನ ‘ಬೊಮ್ಮ’ ಎಂದು ನಿರ್ಧರಿಸಿದರು. ಅವರ ಆ ಪುಸ್ತಕ 1992ರಲ್ಲಿ ಪ್ರಕಟವಾಯಿತು. ಬೊಮ್ಮ ಏಡನ್ನಿನಲ್ಲಿ ಕುಡಿದು ಹಣಕ್ಕಾಗಿ ಪೀಡಿಸಿದನೆಂಬ ದೂರೂ ಮದ್ಮೂನನ ಪತ್ರದಲ್ಲಿದೆ. ಆದರೂ ಧಣಿ ಅವನನ್ನು ಕೈಬಿಡಲಿಲ್ಲ. ನಂತರದ ಪತ್ರಗಳಲ್ಲಿ ಏಡನ್ನಿನವರು ಬೊಮ್ಮನಿಗೂ ಸಲಾಮು ಹೇಳಿ ಕಳಿಸುತ್ತಾರೆ.

ಈಗ ಮುಖ್ಯ ದಾಖಲೆಗೆ ಬರೋಣ. ದಿನಾಂಕ 17 ಅಕ್ಟೋಬರ್ 1132, ಸ್ಥಳ ಮಂಗಳೂರು. ಅಶು ಎಂಬ ತುಳುನಾಡಿನ ದಾಸಿಯನ್ನು ಬೆನ್ ಯಿಜು ಬಿಡುಗಡೆ ಮಾಡಿದ ಪತ್ರವಿದು. ಇನ್ನು ಮುಂದೆ ಅವಳು ಸ್ವತಂತ್ರಳು, ಅವಳ ಮೇಲೆ ಯಾರಿಗೂ ಅಧಿಕಾರವಿಲ್ಲ ಎಂದು ಶಾಸ್ತ್ರೋಕ್ತವಾಗಿ ಬರೆಯಲಾಗಿದೆ. ಅವಳಿಗೆ ಬೆರಾಖಾ ಎಂಬ ಹೊಸ ಹೆಸರನ್ನೂ ಕೊಡಲಾಯಿತು. ಉರ್ದು ಬಲ್ಲವರಿಗೆ ಅರ್ಥ ಹೇಳಬೇಕಿಲ್ಲ, ನಮ್ಮ ಬರಕತ್ ಎಂಬುದೇ ಅದು. ಅವರಿಗೆ ಹುಟ್ಟಿದ ಮಗನ ಹೆಸರು ಸುರೂರ್, ಮಗಳ ಹೆಸರು ಸಿತ್ತುದ್ದಾರ್, ಅಂದರೆ ಮನೆಯ ಒಡತಿ. ಅಶುವಿನ ಅಣ್ಣನೋ ತಮ್ಮನೋ ಒಬ್ಬನು ಬೆನ್ ಯಿಜುವಿನ ವ್ಯವಹಾರದಲ್ಲಿಯೂ ಇದ್ದ.

ದಾಸ್ಯ ಎಂಬುದು ಆ ಕಾಲದ ಎಲ್ಲ ಸಮಾಜಗಳಲ್ಲಿ ಇದ್ದ ಕೆಡುಕು. ಒಬ್ಬ ವಿದ್ವಾಂಸನ ಮನೆಯಲ್ಲಿಯೂ ಅದು ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಬಿಡುಗಡೆಯ ಪತ್ರವನ್ನು ಓದಿ ಹೊಗಳುವವರೂ ಒಂದು ಮಾತು ನೆನಪಿಡಬೇಕು: ಇಷ್ಟು ಪತ್ರಗಳ ರಾಶಿಯಲ್ಲಿ ಅಶು ಬರೆದದ್ದು, ಬರೆಸಿದ್ದು ಒಂದು ಸಾಲೂ ಇಲ್ಲ. ಓದು ಬರಹವಿದ್ದ ಗಂಡಸರ ಮಾತಷ್ಟೇ ಉಳಿದಿದೆ. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ನಮ್ಮ ಸಭೆಗಳಲ್ಲಿ ಭಾಷಣವಾಗುವಾಗ ನನಗೆ ಈ ಅಶುವಿನ ನೆನಪು ಬರುತ್ತದೆ.

ಸುಮಾರು ಹದಿನೇಳು ವರ್ಷ ಭಾರತದ ವ್ಯಾಪಾರದಲ್ಲಿ ಕಳೆದ ನಂತರ ಬೆನ್ ಯಿಜು ಊರಿನ ದಾರಿ ಹಿಡಿದ. ಆದರೆ ಊರೇ ಉಳಿದಿರಲಿಲ್ಲ. 1148ರಲ್ಲಿ ಸಿಸಿಲಿಯ ದೊರೆ ಎರಡನೇ ರೋಜರನ ಸೈನ್ಯ ಮಹ್ದಿಯಾವನ್ನು ವಶಪಡಿಸಿಕೊಂಡಿತ್ತು. ಒಡಹುಟ್ಟಿದವರು ದಿಕ್ಕುಪಾಲಾಗಿ ಸಿಸಿಲಿ ಸೇರಿದ್ದರು. 1149ರ ಸೆಪ್ಟೆಂಬರಿನಲ್ಲಿ ಆತ ಏಡನ್ನಿನಿಂದ ಸಹೋದರ ಯೂಸುಫನಿಗೆ ಬರೆದ ಪತ್ರ ಉಳಿದಿದೆ. ಜೀವ, ಮಕ್ಕಳು, ಹಣ ಎಲ್ಲವೂ ಕ್ಷೇಮವಾಗಿ ದಡ ಸೇರಿವೆ, ನೀವು ಬನ್ನಿ, ಇದ್ದುದನ್ನು ಹಂಚಿಕೊಂಡು ಬದುಕೋಣ ಎಂಬುದು ಅದರ ಸಾರ. ಆ ಪತ್ರ ಓದುವಾಗ ದುಬೈ, ಸೌದಿಯಲ್ಲಿ ದುಡಿದು ಊರಿಗೆ ಮರಳುವ ನಮ್ಮವರ ಮಾತು ಕೇಳಿದಂತಾಗುತ್ತದೆ.

ನಂತರದ ದಿನಗಳು ಸುಖದವಲ್ಲ. ಇನ್ನೊಬ್ಬ ಸಹೋದರ ಮುಬಶ್ಶಿರನಿಂದ ಹಣದ ವಿಷಯದಲ್ಲಿ ಮೋಸವಾಯಿತು. ಮಗ ಸುರೂರ್ ತೀರಿಕೊಂಡ. ಉಳಿದವಳು ಮಗಳೊಬ್ಬಳೇ. ಆತ ಒಳನಾಡಿನಲ್ಲಿದ್ದ ಮೂರು ವರ್ಷ ಅವಳನ್ನು ಏಡನ್ನಿನ ಒಬ್ಬ ದೊಡ್ಡ ವ್ಯಾಪಾರಿಯ ಮನೆಯವರು ಸಾಕಿದರು, ತಮ್ಮ ಮಗನಿಗೆ ಕೊಡಿರೆಂದು ಕೇಳಿದರು. ಬೆನ್ ಯಿಜು ಒಪ್ಪಲಿಲ್ಲ. ಒಡಹುಟ್ಟಿದವನ ಮಗನಿಗೆ ಮೊದಲ ಹಕ್ಕು ಎಂದು ಹೇಳಿ ಅವಳನ್ನು ಈಜಿಪ್ಟಿಗೆ ಕರೆದುಕೊಂಡು ಹೋದ. ಬಂಧು ಬಳಗದೊಳಗೇ ಹೆಣ್ಣು ಕೊಡುವ ಹಟ ಇಂದು ನಿನ್ನೆಯದಲ್ಲ ನೋಡಿ. 1156ರಲ್ಲಿ ಫುಸ್ತಾತ್‌ನಲ್ಲಿ, ಅಂದರೆ ಹಳೆಯ ಕೈರೋದಲ್ಲಿ, ಯೂಸುಫನ ಮಗನೊಂದಿಗೆ ಸಿತ್ತುದ್ದಾರಳ ಮದುವೆ ನಡೆಯಿತು.

ಈ ಕಾಗದಗಳು ಉಳಿದದ್ದು ಅದೇ ಫುಸ್ತಾತ್‌ನಲ್ಲಿ. ದೇವರ ಹೆಸರಿರಬಹುದಾದ ಯಾವ ಬರಹವನ್ನೂ ಯಹೂದಿಗಳು ಕಸಕ್ಕೆ ಹಾಕುತ್ತಿರಲಿಲ್ಲ. ಕುರ್‌ಆನಿನ ಹರಿದ ಹಾಳೆಗಳನ್ನು ನಮ್ಮ ಹಿರಿಯರು ಅದಬಿನಿಂದ ಬಾವಿಗೆ ಬಿಡುವುದು, ಮಣ್ಣಿನಲ್ಲಿ ಹೂಳುವುದು ಇದ್ದೇ ಇದೆ. ಹಾಗೆಯೇ ಅವರು ಬೆನ್ ಎಜ್ರಾ ಎಂಬ ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಳೆಯ ಕಾಗದಗಳನ್ನು ಹಾಕುತ್ತಾ ಬಂದರು. ಅಂಥ ಜಾಗಕ್ಕೆ ಗೆನಿಜಾ ಎಂದು ಹೆಸರು. ನಮ್ಮ ಜನಾಜಾ ಎಂಬ ಮಾತು ಅದರ ನೆಂಟ. ಈಜಿಪ್ಟಿನ ಒಣ ಹವೆಯಿಂದ ಕಾಗದ ಕೊಳೆಯಲಿಲ್ಲ. ಮಂಗಳೂರಿನ ಮಳೆಯಲ್ಲಾಗಿದ್ದರೆ ಹತ್ತು ವರ್ಷವೂ ಬಾಳುತ್ತಿರಲಿಲ್ಲ.

1896-97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಆ ರಾಶಿಯ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಅಲ್ಲಿ ಈಗ ಸುಮಾರು 1,93,000 ತುಣುಕುಗಳಿವೆ. ಇನ್ನುಳಿದವು ಹಲವು ದೇಶಗಳಿಗೆ ಹಂಚಿಹೋದವು. ಎಸ್.ಡಿ. ಗೊಯಿಟೈನ್ ಎಂಬ ಇತಿಹಾಸಕಾರರು ಅದರಲ್ಲಿದ್ದ ಭಾರತ ವ್ಯಾಪಾರದ ಪತ್ರಗಳನ್ನು ದಶಕಗಳ ಕಾಲ ಒಂದೊಂದಾಗಿ ಆರಿಸಿ, ಚೂರಿಗೆ ಚೂರು ಜೋಡಿಸಿ ಓದಿದರು. 1985ರಲ್ಲಿ ಅವರು ತೀರಿಕೊಂಡಾಗಲೂ ಕೆಲಸ ಮುಗಿದಿರಲಿಲ್ಲ. ಶಿಷ್ಯರಾದ ಎಂ.ಎ. ಫ್ರೀಡ್‌ಮನ್ ಅದನ್ನು ಮುಂದುವರಿಸಿ 2008ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವಾಗಿ ಹೊರತಂದರು. ಅಶುವಿನ ಬಿಡುಗಡೆ ಪತ್ರ ಮಾತ್ರ ಕೇಂಬ್ರಿಜ್‌ನಲ್ಲಿಲ್ಲ. ಮಂಗಳೂರಿನಲ್ಲಿ ಬರೆದ ಆ ಹಾಳೆ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿದೆ.