ಸಕ್ಕರೆ ಅಚ್ಚಿನ ಬಿಳುಪು

ಎಳ್ಳು ಬೀರುವ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ ಹಳಬರು. ಕಡಲೆಕಾಯಿ ಬೀಜ ದಕ್ಷಿಣ ಅಮೆರಿಕ ಮೂಲದ್ದು ಎನ್ನುವುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದೇ ತಟ್ಟೆಯ ಅಂಚಿನಲ್ಲಿ ಕೂತ ಬಿಳಿ ಆನೆ, ಗಿಳಿ, ತುಳಸಿಕಟ್ಟೆಗಳ ವಯಸ್ಸನ್ನು ಯಾರೂ ಕೇಳುವುದಿಲ್ಲ. ಸಕ್ಕರೆ ಅಚ್ಚು ಅನಾದಿಯಿಂದ ಬಂದದ್ದು ಎಂದೇ ನಮ್ಮ ಲೆಕ್ಕ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಅಚ್ಚು ಹಾಕುತ್ತಿದ್ದವರು ಅಜ್ಜಿ. ಕೆಲಸ ನೋಡಲು ಸುಲಭ. ಎರಡು ಹೋಳಿನ ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಒರೆಸಿ, ಜೋಡಿಸಿ, ದಾರ ಬಿಗಿದು ತಲೆಕೆಳಗಾಗಿ ನಿಲ್ಲಿಸಬೇಕು. ಸಕ್ಕರೆಗೆ ನೀರು ಹಾಕಿ ಕುದಿಸುವಾಗ ಒಂದೆರಡು ಚಮಚ ಹಾಲು ಬಿಟ್ಟರೆ, ಹಾಲು ಒಡೆದು ಕೊಳೆಯನ್ನೆಲ್ಲ ಅಪ್ಪಿಕೊಂಡು ಮೇಲೆ ತೇಲುತ್ತದೆ. ಅದನ್ನು ತೆಗೆದು ತೆಳು ಬಟ್ಟೆಯಲ್ಲಿ ಸೋಸಬೇಕು. ಆಮೇಲಿನದೇ ಕಷ್ಟ. ಪಾಕವನ್ನು ಸ್ವಲ್ಪ ಸ್ವಲ್ಪವೇ ಚಿಕ್ಕ ಪಾತ್ರೆಗೆ ಹಾಕಿ ಕಾಯಿಸುತ್ತ ತಿರುವುತ್ತಿದ್ದರೆ, ತಿಳಿಯಾಗಿದ್ದದ್ದು ಯಾವುದೋ ಒಂದು ಗಳಿಗೆಯಲ್ಲಿ ಮಂಕಾಗಿ ಬೆಳ್ಳಗಾಗತೊಡಗುತ್ತದೆ. ಆಗಲೇ ಸುರಿಯಬೇಕು. ಮುಂಚೆ ಸುರಿದರೆ ಗಟ್ಟಿಯಾಗದು, ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಅಜ್ಜಿ ಆ ಗಳಿಗೆಯನ್ನು ಕಣ್ಣಿನಿಂದಲ್ಲ, ಸೌಟು ತಿರುಗುವ ಸದ್ದಿನಿಂದ ಹಿಡಿಯುತ್ತಿದ್ದರು.

ಬೆಲ್ಲದಲ್ಲಿ ಇದು ಆಗದು. ಬೆಲ್ಲದಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಮತ್ತು ಇತರ ಅಂಶಗಳು ಸಕ್ಕರೆಯ ಹರಳು ಸಲೀಸಾಗಿ ಕಟ್ಟಲು ಬಿಡುವುದಿಲ್ಲ. ಗಿಳಿಯ ಕೊಕ್ಕು, ಗೋಪುರದ ಕಳಶ ಮೂಡಬೇಕಾದರೆ ಶುದ್ಧವಾದ ಬಿಳಿ ಸಕ್ಕರೆಯೇ ಬೇಕು. ಹೀಗಾಗಿ ಅಚ್ಚಿನ ಚರಿತ್ರೆ ಎಂದರೆ ನನ್ನ ಮಟ್ಟಿಗೆ ಬಿಳಿ ಸಕ್ಕರೆ ಯಾರ ಮನೆಗೆ ಯಾವಾಗ ಬಂತು ಎಂಬುದರ ಚರಿತ್ರೆ.

ಸಕ್ಕರೆ ನಮಗೆ ಹೊಸದಲ್ಲ. 'ಶರ್ಕರಾ' ಎಂಬ ಸಂಸ್ಕೃತ ಪದಕ್ಕೆ ಮರಳು, ಹರಳುಗಲ್ಲು ಎಂಬ ಅರ್ಥವೂ ಇದೆ. ಪುರಂದರದಾಸರು ಹರಿನಾಮವನ್ನು ಕಲ್ಲುಸಕ್ಕರೆಗೆ ಹೋಲಿಸಿ ಹಾಡುವಾಗ ಎತ್ತಿನ ಹೇರು, ಗೋಣಿ, ಬಾಡಿಗೆ, ಸುಂಕ ಎಲ್ಲವನ್ನೂ ತರುತ್ತಾರೆ. ಭಕ್ತಿಯ ಹಾಡಾದರೂ ಅದರೊಳಗಿನದು ಪೇಟೆಯ ಮಾತು. ಸುಂಕ ಕೊಟ್ಟು ದೂರದಿಂದ ಹೇರಿ ತರುವ ಸರಕು ಅದು. 1800ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್, ದೇವನಹಳ್ಳಿಯ ಉತ್ತರಕ್ಕಿರುವ ಚಿಕ್ಕಬಳ್ಳಾಪುರದಲ್ಲಿ ತಯಾರಾಗುತ್ತಿದ್ದ ಬಿಳಿ ಸಕ್ಕರೆಯನ್ನೂ ಕಲ್ಲುಸಕ್ಕರೆಯನ್ನೂ ಮೆಚ್ಚಿ, ಕಲ್ಲುಸಕ್ಕರೆ ಚೀನಾದ್ದಕ್ಕೆ ಸಮ ಎಂದು ಬರೆದ. ಎಂದರೆ ನಮ್ಮ ಮಗ್ಗುಲಲ್ಲೇ ಈ ಕಸುಬು ಇತ್ತು. ಆದರೆ ಇಂಥ ಸಕ್ಕರೆಯನ್ನು ಒಬ್ಬ ಸಾಮಾನ್ಯ ಗೃಹಿಣಿ ಸೇರುಗಟ್ಟಲೆ ಕಾಯಿಸಿ ಮಕ್ಕಳಿಗೆ ಆನೆ ಒಂಟೆ ಮಾಡಿ ಹಂಚಿರಬಹುದೆ? ನನಗೆ ನಂಬಿಕೆ ಬರುವುದಿಲ್ಲ.

1847ರಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ರೈತರ ಬೆಲ್ಲವನ್ನು ಕೊಂಡು ಬಿಳಿ ಮಾಡುತ್ತಿದ್ದ ಕಾರ್ಖಾನೆ; 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂತು. ಮುಂದೆ ಜಾವಾದ ಸಕ್ಕರೆ ಹಡಗಿನಲ್ಲಿ ಬರತೊಡಗಿತು. ಯಂತ್ರದ ಸಕ್ಕರೆಯನ್ನು ಬಿಳಿ ಮಾಡಲು ದನದ ಮೂಳೆಯ ಇದ್ದಿಲು ಬಳಸುತ್ತಾರೆ ಎಂಬ ಮಾತು 1905ರ ನಂತರದ ಸ್ವದೇಶಿ ಚಳವಳಿಯಲ್ಲಿ ದೊಡ್ಡದಾಗಿ ಕೇಳಿಬಂತು. ಮಡಿ ಹೆಂಗಸರಿರುವ ಮನೆಗಳಲ್ಲಿ ಅದು ಸಣ್ಣ ಮಾತಾಗಿರಲಾರದು. 1932ರಲ್ಲಿ ದೇಶೀ ಸಕ್ಕರೆಗೆ ರಕ್ಷಣೆ ಕೊಡುವ ಕಾನೂನು ಬಂತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕನ್ನಂಬಾಡಿ ಕಟ್ಟೆಯ ನೀರು, ನಾಲೆ, ಕಬ್ಬು, ಕಾರ್ಖಾನೆ. ಹಳೇ ಮೈಸೂರಿನ ಅಡುಗೆಮನೆಗಳಲ್ಲಿ ಅಚ್ಚು ಹಾಕುವುದು ಹರಡಿದ್ದು ಈ ಸಕ್ಕರೆಯ ಹಿಂದೆಯೇ ಎಂಬುದು ನನ್ನ ಊಹೆ. ಶ್ರೀಮಂತರ ಮನೆಗಳಲ್ಲಿ ಮೊದಲೇ ಇದ್ದಿರಬಹುದು, ಆ ಮಾತು ಬೇರೆ.

ಹರಡಿದ್ದೂ ಎಲ್ಲೆಡೆಗಲ್ಲ. ನಮ್ಮ ತಾಲ್ಲೂಕಿನ ಹಳ್ಳಿಗಳ ಸಂಕ್ರಾಂತಿ ದನಕರುಗಳ ಹಬ್ಬ: ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವುದು. ಅಲ್ಲಿ ಅವರೆಕಾಯಿ, ಗೆಣಸು, ಕಬ್ಬು ಮುಖ್ಯ. ಸಕ್ಕರೆ ಅಚ್ಚು ಪೇಟೆಬೀದಿಯ ಮನೆಗಳದು, ಅದರಲ್ಲೂ ಯಾರು ಯಾರ ಮನೆಗೆ ಎಳ್ಳು ಬೀರಲು ಹೋಗುತ್ತಾರೆ ಎಂಬ ಎಣಿಕೆ ಇದ್ದ ಮನೆಗಳದು. ಉತ್ತರ ಕರ್ನಾಟಕದಲ್ಲಿ ಇಂಥದೇ ಮರದ ಅಚ್ಚುಗಳಿಂದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಕಡೆಯವರು ತರುತ್ತಾರೆ. ಹಬ್ಬ ಬೇರೆ, ಕುಸುರಿ ಒಂದೇ.

ಪಡಿತರದ ವರ್ಷಗಳಲ್ಲಿ ಅಜ್ಜಿ ದೀಪಾವಳಿಯಿಂದಲೇ ಸಕ್ಕರೆ ಕೂಡಿಡುತ್ತಿದ್ದರಂತೆ. ಕಾಫಿಗೆ ಬೆಲ್ಲ, ಡಬ್ಬಿಗೆ ಸಕ್ಕರೆ. ತಾತ ಗೊಣಗಿದರೆ, "ನಿಮಗೇನು, ನಾಲ್ಕು ಮನೆಗೆ ಹೋಗೋಳು ನಾನು" ಎನ್ನುತ್ತಿದ್ದರು ಎಂದು ಅಮ್ಮ ಹೇಳುತ್ತಾರೆ. ಆ ತಟ್ಟೆಯಲ್ಲಿದ್ದದ್ದು ಸಿಹಿ ಮಾತ್ರವಲ್ಲ ಎಂದು ಅಜ್ಜಿಗೆ ಗೊತ್ತಿತ್ತು.

ಇಂಗ್ಲೆಂಡಿನವರು ಮೊಟ್ಟೆಯ ಬಿಳಿಯಲ್ಲಿ ಸಕ್ಕರೆ ಪುಡಿ ಕಡೆದು ಬಿಸ್ಕತ್ತು, ಕೇಕುಗಳ ಮೇಲೆ ಬಳ್ಳಿ ಬಿಡಿಸುತ್ತಾರೆ. ರಾಯಲ್ ಐಸಿಂಗ್ ಎಂಬ ಆ ಹೆಸರನ್ನು 1840ರ ವಿಕ್ಟೋರಿಯಾ ರಾಣಿಯ ಮದುವೆಯ ಕೇಕಿನ ಜೊತೆ ಸೇರಿಸಿ ಹೇಳುವುದುಂಟು. ಬೆಂಗಳೂರಿನಲ್ಲಿ 1970ರ ದಶಕದಿಂದ ಡಿಸೆಂಬರಿನಲ್ಲಿ ನಡೆಯುವ ಕೇಕ್ ಪ್ರದರ್ಶನದಲ್ಲಿ ಸಕ್ಕರೆಯ ಕಟ್ಟಡಗಳನ್ನು ನೋಡಲು ಜನ ಟಿಕೆಟ್ ಕೊಂಡು ಸಾಲು ನಿಲ್ಲುತ್ತಾರೆ. ಮೂರು ವಾರ ಕಳೆದರೆ ಅದೇ ಊರಿನ ಗಾಂಧಿ ಬಜಾರಿನಲ್ಲಿ ಸಕ್ಕರೆ ಅಚ್ಚನ್ನು ತಕ್ಕಡಿಗೆ ಹಾಕಿ ತೂಗುತ್ತಾರೆ. ಒಂದು ಪ್ರದರ್ಶನದ ಕಲೆ, ಇನ್ನೊಂದು ತೂಕದ ಸಾಮಾನು. ಅಚ್ಚು ಹಾಕಿದ ಕೈಗಳಿಗಾಗಲಿ, ಆ ಮರವನ್ನು ಎದುರುಬದುರಾಗಿ, ಒಳಮುಖವಾಗಿ ಕೆತ್ತಿದ ಬಡಗಿಗಾಗಲಿ ಹೆಸರಿಲ್ಲ.

ನಮ್ಮ ಮನೆಯ ಅಚ್ಚುಗಳ ಮೇಲೆ ಇಸವಿ ಇಲ್ಲ. ತೇಗದ ಮರ ಎಣ್ಣೆಗಪ್ಪಾಗಿದೆ, ಅಂಚು ಸವೆದಿದೆ. ಅಷ್ಟರಿಂದ ಕಾಲ ಹೇಳಲಾಗದು. ಅಮ್ಮನ ಪ್ರಕಾರ ಅವು ಅಜ್ಜಿಯ ತವರಾದ ಹೊಸಕೋಟೆಯಿಂದ ಮದುವೆಯ ಪಾತ್ರೆಗಳ ಜೊತೆ ಬಂದವು. ಎಂದರೆ ಮಂಡ್ಯದ ಕಾರ್ಖಾನೆ ಶುರುವಾಗಿ ಏಳೆಂಟು ವರ್ಷದ ಮೇಲೆ. ಇಂಥ ಪೆಟ್ಟಿಗೆ ನಿಮ್ಮ ಅಟ್ಟದಲ್ಲೂ ಇದ್ದರೆ, ಅದು ಯಾವ ಊರಿನಿಂದ, ಯಾರ ಮದುವೆಯಲ್ಲಿ ಬಂತು ಎಂದು ಕೇಳಿ ಬರೆದಿಡಿ. ಹೇಳಬಲ್ಲವರು ಎಂಬತ್ತು ದಾಟಿದ್ದಾರೆ.