ಬಡಮಕ್ಕಳ ಊಟಕ್ಕಾಗಿ ಹುಟ್ಟಿದ ಒಂದು ಫುಟ್‌ಬಾಲ್ ಕ್ಲಬ್

ನಾವು ಪಾಠ ಹೇಳುತ್ತಿದ್ದ ಇತಿಹಾಸದ ಪುಸ್ತಕಗಳಲ್ಲಿ ಐರ್ಲೆಂಡಿನ ಮಹಾಕ್ಷಾಮಕ್ಕೆ ದೊರೆಯುತ್ತಿದ್ದ ಸ್ಥಳ ಹೆಚ್ಚೆಂದರೆ ಎರಡು ಸಾಲು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು, ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು ಎನ್ನುವಲ್ಲಿಗೆ ಪಾಠ ಮುಗಿಯುತ್ತಿತ್ತು. ದೇಶ ಬಿಟ್ಟವರೆಲ್ಲ ಅಮೆರಿಕಕ್ಕೆ ಹೋದರೆಂದು ಮಕ್ಕಳು ತಿಳಿದುಕೊಳ್ಳುತ್ತಿದ್ದರು. ಅಷ್ಟು ದೂರದ ಹಡಗಿನ ಖರ್ಚನ್ನು ಭರಿಸಲಾರದ ಸಾವಿರಾರು ಜನ ಹತ್ತಿರದ ಸ್ಕಾಟ್ಲೆಂಡಿಗೆ ದಾಟಿ ಗ್ಲಾಸ್ಗೋ ನಗರದ ಪೂರ್ವಭಾಗದ ಇಕ್ಕಟ್ಟಾದ ಗಲ್ಲಿಗಳಲ್ಲಿ ತುಂಬಿಕೊಂಡರು. ನಾನು ಈ ದಿನ ಹೇಳಹೊರಟಿರುವ ಕಥೆ ಅವರದು.

ಓದಲೆಂದೋ ದುಡಿಯಲೆಂದೋ ಗ್ಲಾಸ್ಗೋಗೆ ಹೋದ ನಮ್ಮವರು ಒಂದು ಸಂಗತಿಯನ್ನು ಬಹುಬೇಗ ಕಲಿಯುತ್ತಾರೆ. ಅಲ್ಲಿ ‘ನೀನು ಯಾವ ತಂಡದವನು?’ ಎಂದು ಕೇಳುವುದು ಎಷ್ಟೋ ಸಲ ‘ನೀನು ಯಾವ ಮತದವನು?’ ಎಂದು ಕೇಳಿದಂತೆಯೇ. ಹಸಿರು ಬಿಳಿ ಪಟ್ಟೆಯ ಅಂಗಿ ಸೆಲ್ಟಿಕ್ ಕ್ಲಬ್ಬಿನದು. ನೀಲಿ ಅಂಗಿ ರೇಂಜರ್ಸ್ ಕ್ಲಬ್ಬಿನದು. ಮೊದಲನೆಯದು ಐರಿಷ್ ಮೂಲದ ಕ್ಯಾಥೊಲಿಕರ ತಂಡವೆಂದೂ ಎರಡನೆಯದು ಪ್ರಾಟೆಸ್ಟೆಂಟರ ತಂಡವೆಂದೂ ಜನ ಗುರುತಿಸುತ್ತಾರೆ. ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ: ಇತಿಹಾಸದಲ್ಲಿ ಆ ಜನಾಂಗದ ಹೆಸರನ್ನು ‘ಕೆಲ್ಟ್’ ಎಂದು ಉಚ್ಚರಿಸಿದರೂ ಕ್ಲಬ್ಬಿನ ಹೆಸರು ‘ಸೆಲ್ಟಿಕ್’ ಎಂದೇ ರೂಢಿಯಾಗಿದೆ. ಅಲ್ಲಿಗೆ ಹೋಗಿ ‘ಕೆಲ್ಟಿಕ್’ ಎಂದವರು ಹೊರಗಿನವರೆಂದು ಆ ಕ್ಷಣವೇ ಗೊತ್ತಾಗಿಬಿಡುತ್ತದೆ!

ಈ ಕ್ಲಬ್ಬಿನ ಮೂಲಪುರುಷರು ನನ್ನಂತೆಯೇ ಶಾಲಾ ಉಪಾಧ್ಯಾಯರು. ಅವರ ಪೂರ್ವಾಶ್ರಮದ ಹೆಸರು ಆಂಡ್ರ್ಯೂ ಕೆರಿನ್ಸ್. ಐರ್ಲೆಂಡಿನ ಸ್ಲೈಗೊ ಪ್ರಾಂತ್ಯದ ಬ್ಯಾಲಿಮೋಟ್ ಎಂಬ ಊರಿನಲ್ಲಿ 1840ರಲ್ಲಿ ಹುಟ್ಟಿದವರು. ಎಂದರೆ ಕ್ಷಾಮ ಆರಂಭವಾದಾಗ ಐದು ವರ್ಷದ ಹುಡುಗ. ಹದಿಹರೆಯದಲ್ಲಿ ಗ್ಲಾಸ್ಗೋಗೆ ಬಂದು ಕೂಲಿ ಮಾಡಿ, ಆಮೇಲೆ ಮಾರಿಸ್ಟ್ ಎಂಬ ಬೋಧಕ ಸನ್ಯಾಸಿಗಳ ಸಂಘವನ್ನು ಸೇರಿ ‘ಬ್ರದರ್ ವಾಲ್ಫ್ರಿಡ್’ ಆದರು. ನಗರದ ಪೂರ್ವಭಾಗದಲ್ಲಿ ಸೇಕ್ರೆಡ್ ಹಾರ್ಟ್ ಎಂಬ ಬಡಶಾಲೆಯ ಮುಖ್ಯೋಪಾಧ್ಯಾಯರಾದರು.

ಹಸಿದ ಮಗುವಿನ ತಲೆಗೆ ಪಾಠ ಹತ್ತುವುದಿಲ್ಲವೆಂಬುದನ್ನು ನಮ್ಮ ವೃತ್ತಿಯವರಿಗೆ ಯಾವ ಬಿ.ಎಡ್. ತರಗತಿಯೂ ಕಲಿಸಬೇಕಾಗಿಲ್ಲ. ವಾಲ್ಫ್ರಿಡ್ ಅವರೂ ನೆರೆಯ ಸೇಂಟ್ ಮೇರಿ ಶಾಲೆಯ ಬ್ರದರ್ ಡೊರೊಥಿಯಸ್ ಅವರೂ ‘ಬಡಮಕ್ಕಳ ಊಟದ ಮೇಜು’ ಎಂಬ ವ್ಯವಸ್ಥೆಯನ್ನು ಮಾಡಿದರು. ಒಂದು ಪೆನ್ನಿ ಕೊಟ್ಟರೆ ಬಿಸಿ ಊಟ. ಮನೆಯಿಂದ ಬ್ರೆಡ್ ತಂದರೆ ಅರ್ಧ ಪೆನ್ನಿಗೆ ದೊಡ್ಡ ಬಟ್ಟಲು ಸೂಪ್. ಈ ಅಲ್ಪ ಬೆಲೆಯನ್ನು ಇಟ್ಟದ್ದರಲ್ಲಿ ತಂದೆತಾಯಿಗಳ ಮಾನವನ್ನು ಕಾಯುವ ವಿವೇಕವಿತ್ತೆಂದು ನಾನು ಭಾವಿಸುತ್ತೇನೆ. ಅವರಿಗೆ ಇನ್ನೊಂದು ಆತಂಕವೂ ಇತ್ತು. ಪ್ರಾಟೆಸ್ಟೆಂಟ್ ಸಂಸ್ಥೆಗಳ ಗಂಜಿಕೇಂದ್ರಗಳಿಗೆ ಹೋದ ಮಕ್ಕಳು ಎಲ್ಲಿ ಮತವನ್ನೂ ಬಿಟ್ಟಾರೋ ಎಂಬ ಭಯವದು. ಹಾಗಾಗಿ ಕರುಣೆ, ಮತಾಭಿಮಾನ ಎರಡೂ ಒಂದೇ ಬಟ್ಟಲಿನಲ್ಲಿದ್ದವು.

ಊಟಕ್ಕೆ ಹಣ ಬೇಕು. ಎಡಿನ್‌ಬರೋ ನಗರದ ಐರಿಷರು 1875ರಲ್ಲಿ ಕಟ್ಟಿದ ಹಿಬರ್ನಿಯನ್ ಎಂಬ ತಂಡ 1887ರಲ್ಲಿ ಸ್ಕಾಟಿಷ್ ಕಪ್ ಗೆದ್ದು ಗ್ಲಾಸ್ಗೋದ ಐರಿಷರಲ್ಲಿಯೂ ಹುರುಪು ತುಂಬಿತ್ತು. ಅದೇ ವರ್ಷ ನವೆಂಬರ್ 6ರಂದು ಕಾಲ್ಟನ್ ಭಾಗದ ಸೇಂಟ್ ಮೇರಿ ಚರ್ಚಿನ ಸಭಾಂಗಣದಲ್ಲಿ ಸಭೆ ಸೇರಿ ಸೆಲ್ಟಿಕ್ ಕ್ಲಬ್ಬನ್ನು ಸ್ಥಾಪಿಸಿದರು. ಮೂರು ಪ್ಯಾರಿಷ್‌ಗಳ ಮಕ್ಕಳ ಊಟದ ಮೇಜಿಗೆ ಹಣ ಒದಗಿಸುವುದೇ ಕ್ಲಬ್ಬಿನ ಮುಖ್ಯ ಉದ್ದೇಶವೆಂದು ಮರುವರ್ಷದ ಜನವರಿಯಲ್ಲಿ ಹೊರಡಿಸಿದ ಮನವಿಪತ್ರದಲ್ಲಿ ಸ್ಪಷ್ಟವಾಗಿ ಬರೆದರು. ಪಾರ್ಕ್‌ಹೆಡ್ ಎಂಬಲ್ಲಿ ಗೋರಿಸ್ಥಳದ ಪಕ್ಕದ ಬಯಲನ್ನು ಬಾಡಿಗೆಗೆ ಹಿಡಿದು, ಸ್ವಯಂಸೇವಕರೇ ದುಡಿದು ಆರು ತಿಂಗಳಲ್ಲಿ ಮೈದಾನ ಮಾಡಿದರು. 1888ರ ಮೇ 28ರಂದು ಮೊದಲ ಪಂದ್ಯ. ಎದುರಾಳಿ ರೇಂಜರ್ಸ್! ಸೆಲ್ಟಿಕ್ 5-2 ಗೋಲುಗಳಿಂದ ಗೆದ್ದಿತು. ಆಗ ಈ ಎರಡು ತಂಡಗಳ ನಡುವೆ ಹಗೆಯೇನೂ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಹೊಸ ಕ್ಲಬ್ಬಿನವರು ಸಾಧುಗಳೆಂದು ತಿಳಿಯಬೇಡಿ. ತಮಗೆ ಸ್ಫೂರ್ತಿಯಾಗಿದ್ದ ಹಿಬರ್ನಿಯನ್ ತಂಡದ ಹಲವು ಉತ್ತಮ ಆಟಗಾರರನ್ನೇ ಅವರು ಸೆಳೆದುಕೊಂಡರು. ಆ ಪೆಟ್ಟಿನಿಂದ ಹಿಬರ್ನಿಯನ್ ಕೆಲಕಾಲ ಮುಚ್ಚಿಹೋಗಿ ಆಮೇಲೆ ಮತ್ತೆ ಚೇತರಿಸಿಕೊಳ್ಳಬೇಕಾಯಿತು. ವೃತ್ತಿಪರ ಆಟಕ್ಕೆ ಸ್ಕಾಟ್ಲೆಂಡಿನಲ್ಲಿ ಅನುಮತಿ ದೊರೆತದ್ದು 1893ರಲ್ಲಿ. ಅದಕ್ಕೂ ಮುಂಚೆಯೇ ಆಟಗಾರರಿಗೆ ಮರೆಯಲ್ಲಿ ಹಣ ಸಲ್ಲುತ್ತಿತ್ತೆಂಬುದು ಅಲ್ಲಿನ ಇತಿಹಾಸಕಾರರೆಲ್ಲ ಒಪ್ಪುವ ಮಾತು.

ಮೈದಾನದ ಒಡೆಯ ಬಾಡಿಗೆಯನ್ನು ವರ್ಷಕ್ಕೆ 50 ಪೌಂಡಿನಿಂದ 450 ಪೌಂಡಿಗೆ ಏರಿಸಿದಾಗ ಕ್ಲಬ್ಬಿನವರು ಸಮೀಪದಲ್ಲಿಯೇ ಇದ್ದ, ಇಟ್ಟಿಗೆಯ ಮಣ್ಣಿಗಾಗಿ ಅಗೆದುಬಿಟ್ಟಿದ್ದ ಹಳ್ಳವನ್ನು ತುಂಬಿಸಿ ಹೊಸ ಮೈದಾನ ಮಾಡಿಕೊಂಡರು. ಐರ್ಲೆಂಡಿನ ರೈತ ಹೋರಾಟಗಾರ ಮೈಕೆಲ್ ಡೇವಿಟ್ 1892ರಲ್ಲಿ ಬಂದು, ತಾಯ್ನಾಡಿನಿಂದ ತರಿಸಿದ, ಶ್ಯಾಮ್‌ರಾಕ್ ಎಲೆಗಳಿದ್ದ ಹುಲ್ಲುಹಾಸಿನ ತುಂಡೊಂದನ್ನು ಮೈದಾನದ ಮಧ್ಯದಲ್ಲಿ ನೆಟ್ಟರು. ಅದನ್ನು ಯಾರೋ ಕದ್ದುಕೊಂಡು ಹೋದರಂತೆ! ಗೋರಿಸ್ಥಳದ ಪಕ್ಕದಿಂದ ಇಲ್ಲಿಗೆ ಬಂದದ್ದು ಸ್ವರ್ಗಕ್ಕೆ ಬಂದಂತೆ ಎಂದು ಯಾರೋ ಹಾಸ್ಯ ಮಾಡಿದ್ದರಿಂದ ಆ ಕ್ರೀಡಾಂಗಣಕ್ಕೆ ‘ಪ್ಯಾರಡೈಸ್’ ಎಂಬ ಅಡ್ಡಹೆಸರು ನಿಂತಿತು.

ಅದೇ 1892ರಲ್ಲಿ ವಾಲ್ಫ್ರಿಡ್ ಅವರನ್ನು ಅವರ ಸಂಘ ಲಂಡನ್ನಿಗೆ ವರ್ಗ ಮಾಡಿತು. ಅವರು ಅಲ್ಲಿಯೂ ಬಡಹುಡುಗರಿಗಾಗಿ ದುಡಿದರು. ಇಲ್ಲಿ ಕ್ಲಬ್ಬು ಬೇರೆ ದಾರಿ ಹಿಡಿಯಿತು. 1897ರಲ್ಲಿ ಅದು ಷೇರುದಾರರ ಲಿಮಿಟೆಡ್ ಕಂಪನಿಯಾಯಿತು. ಸಮಿತಿಯಲ್ಲಿದ್ದವರಲ್ಲಿ ಹಲವರು ಹೆಂಡದ ವ್ಯಾಪಾರಿಗಳೂ ಕಟ್ಟಡದ ಕಂಟ್ರಾಕ್ಟರರೂ ಆಗಿದ್ದರು. ಧರ್ಮದ ಹೆಸರಿನಲ್ಲಿ ಕಟ್ಟಿದ ಸಂಸ್ಥೆ ಹೀಗಾಗಬಾರದೆಂದು ವಾದಿಸಿದವರು ಸೋತರು. ಷೇರುದಾರರಿಗೆ ಡಿವಿಡೆಂಡ್ ಬರತೊಡಗಿತು. ಊಟದ ಮೇಜಿಗೆ ಬರುತ್ತಿದ್ದ ಹಣ ನಿಂತಿತು. ಸ್ಥಾಪನೆಯಾಗಿ ಹತ್ತೇ ವರ್ಷವಾಗಿತ್ತು. ಕಂಪನಿಯಾಗದಿದ್ದರೆ ಕ್ಲಬ್ಬು ಉಳಿಯುತ್ತಿರಲಿಲ್ಲವೆಂದು ಸಮರ್ಥಿಸುವವರಿದ್ದಾರೆ. ಇರಬಹುದು. ಆದರೆ ಲಾಭದಲ್ಲಿ ಮಕ್ಕಳ ಪಾಲೆಂದು ಒಂದಿಷ್ಟನ್ನು ಎತ್ತಿಡಲು ಯಾವ ಕಾನೂನು ಅಡ್ಡಿಯಾಗಿತ್ತೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಮೈದಾನದಲ್ಲಿ ಮಾತ್ರ ವೈಭವ. ವಿಲಿ ಮೇಲಿ 1897ರಿಂದ 1940ರವರೆಗೆ ಮ್ಯಾನೇಜರಾಗಿದ್ದರು. 1905ರಿಂದ 1910ರವರೆಗೆ ಸತತ ಆರು ಲೀಗ್ ಪ್ರಶಸ್ತಿಗಳು ಬಂದವು. ಈಗ ಪ್ರಸಿದ್ಧವಾಗಿರುವ ಅಡ್ಡಪಟ್ಟೆಯ ಅಂಗಿ 1903ರಲ್ಲಿ ಬಂತು. ಇದೇ ಮೇಲಿಯವರ ಕಾಲದಲ್ಲಿ ನಮ್ಮ ದೇಶದ ಒಬ್ಬ ಆಟಗಾರ ಆ ಅಂಗಿ ತೊಟ್ಟದ್ದು ಬಹಳ ಜನಕ್ಕೆ ಗೊತ್ತಿಲ್ಲ. ಕಲ್ಕತ್ತೆಯ ಮೊಹಮ್ಮದನ್ ಸ್ಪೋರ್ಟಿಂಗ್ ತಂಡದ ಮೊಹಮ್ಮದ್ ಸಲೀಂ 1936ರಲ್ಲಿ ಗ್ಲಾಸ್ಗೋದಲ್ಲಿದ್ದ ತನ್ನ ಅಣ್ಣನೊಡನೆ ಹೋಗಿ ಸೆಲ್ಟಿಕ್ ಕ್ಲಬ್ಬಿನಲ್ಲಿ ಅವಕಾಶ ಕೇಳಿದರು. ಬೂಟು ತೊಡದೆ, ಪಾದಗಳಿಗೆ ಬ್ಯಾಂಡೇಜು ಸುತ್ತಿಕೊಂಡು ಮೀಸಲು ತಂಡದ ಪರವಾಗಿ ಎರಡು ಪಂದ್ಯಗಳನ್ನಾಡಿದರು. ಗಾಲ್‌ಸ್ಟನ್ ತಂಡದ ಮೇಲೆ ಆಡಿದ ಪಂದ್ಯದಲ್ಲಿ ಸೆಲ್ಟಿಕ್ 7-1ರಿಂದ ಗೆದ್ದಿತು. ಸಲೀಂ ಅವರ ಕಾಲ್ಚಳಕವನ್ನು ಅಲ್ಲಿನ ಪತ್ರಿಕೆಗಳು ಕೊಂಡಾಡಿದವು. ಕ್ಲಬ್ಬಿನವರು ಉಳಿಸಿಕೊಳ್ಳಲು ನೋಡಿದರಾದರೂ ಸಲೀಂ ಅವರಿಗೆ ಊರಿನ ನೆನಪು ಕಾಡಿತು, ಹಿಂತಿರುಗಿಬಿಟ್ಟರು.

ಅತ್ತ ರೇಂಜರ್ಸ್ ಕ್ಲಬ್ಬು ಇಪ್ಪತ್ತನೆಯ ಶತಮಾನದ ಆರಂಭದಿಂದ ಕ್ಯಾಥೊಲಿಕ್ ಆಟಗಾರರನ್ನು ಸೇರಿಸಿಕೊಳ್ಳುವುದನ್ನೇ ಬಿಟ್ಟಿತು. ಬರೆದಿಟ್ಟ ನಿಯಮವಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿದ್ದ ನಿಯಮ. 1989ರಲ್ಲಿ ಮೋ ಜಾನ್ಸ್ಟನ್ ಸೇರುವವರೆಗೂ ಅದು ನಡೆಯಿತು. ಸೆಲ್ಟಿಕ್ ತನ್ನ ಐರಿಷ್ ಗುರುತನ್ನು ಬಿಡಲಿಲ್ಲವಾದರೂ ಪ್ರಾಟೆಸ್ಟೆಂಟ್ ಆಟಗಾರರನ್ನು ಮೊದಲಿನಿಂದಲೂ ಸೇರಿಸಿಕೊಳ್ಳುತ್ತಿತ್ತು. ಈ ಎರಡನ್ನೂ ಸಮಾನ ತಪ್ಪೆಂದು ತೂಗುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಹಾಗೆಂದು ಗ್ಯಾಲರಿಯಲ್ಲಿ ಕೂಗುವ ದ್ವೇಷದ ಹಾಡುಗಳು ಒಂದೇ ಕಡೆಯವೆಂದೂ ಹೇಳಲಾಗದು.

1952ರಲ್ಲಿ ಒಂದು ಸ್ವಾರಸ್ಯಕರ ಪ್ರಸಂಗ ನಡೆಯಿತು. ಹೊಸವರ್ಷದ ದಿನದ ಪಂದ್ಯದಲ್ಲಿ ಗಲಭೆಯಾದ ಮೇಲೆ, ಕ್ರೀಡಾಂಗಣದ ಮೇಲೆ ಹಾರುತ್ತಿದ್ದ ಐರ್ಲೆಂಡಿನ ಬಾವುಟವನ್ನು ಇಳಿಸಬೇಕೆಂದು ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆ ಆಜ್ಞೆ ಮಾಡಿತು. ಇಳಿಸದಿದ್ದರೆ ಕ್ಲಬ್ಬನ್ನೇ ಹೊರಗಿಡುವ ಬೆದರಿಕೆ. ಅಧ್ಯಕ್ಷ ರಾಬರ್ಟ್ ಕೆಲಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಬಾವುಟದ ವಿರುದ್ಧ ಮುಂದಾಳಾಗಿ ನಿಂತವರಲ್ಲಿ ಒಬ್ಬರು, ಐರಿಷರೇ ಕಟ್ಟಿದ ಹಿಬರ್ನಿಯನ್ ಕ್ಲಬ್ಬಿನ ಆಗಿನ ಅಧ್ಯಕ್ಷ ಹ್ಯಾರಿ ಸ್ವಾನ್. ಸೆಲ್ಟಿಕ್ ಬೆಂಬಲಕ್ಕೆ ನಿಂತದ್ದು ರೇಂಜರ್ಸ್! ಎದುರಾಳಿಯಿಲ್ಲದಿದ್ದರೆ ಟಿಕೆಟ್ಟಿನ ಹಣವೆಲ್ಲಿಂದ ಬರಬೇಕು? ಈ ಇಬ್ಬರ ಹಗೆಯಿಂದ ಇಬ್ಬರಿಗೂ ಲಾಭವಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬಾವುಟ ಕೊನೆಗೂ ಇಳಿಯಲಿಲ್ಲ.

1965ರಲ್ಲಿ ಜಾಕ್ ಸ್ಟೀನ್ ಮ್ಯಾನೇಜರಾಗಿ ಬಂದರು. ಗಣಿಯಲ್ಲಿ ಕಲ್ಲಿದ್ದಲು ಅಗೆದವರು, ಹುಟ್ಟಿನಿಂದ ಪ್ರಾಟೆಸ್ಟೆಂಟ್. ಆ ಸ್ಥಾನಕ್ಕೆ ಬಂದ ಮೊದಲ ಕ್ಯಾಥೊಲಿಕೇತರರು. ಒಬ್ಬ ಕ್ಯಾಥೊಲಿಕ್, ಒಬ್ಬ ಪ್ರಾಟೆಸ್ಟೆಂಟ್, ಇಬ್ಬರೂ ಸಮಾನ ಆಟಗಾರರಾಗಿದ್ದರೆ ತಾನು ಪ್ರಾಟೆಸ್ಟೆಂಟನನ್ನೇ ಮೊದಲು ಆರಿಸುವೆ, ಏಕೆಂದರೆ ಇನ್ನೊಬ್ಬನನ್ನು ರೇಂಜರ್ಸ್ ಹೇಗೂ ಮುಟ್ಟುವುದಿಲ್ಲ ಎಂದು ಅವರು ಹೇಳುತ್ತಿದ್ದರೆಂಬ ಪ್ರತೀತಿಯಿದೆ. 1967ರ ಮೇ 25ರಂದು ಲಿಸ್ಬನ್ ನಗರದಲ್ಲಿ ಯುರೋಪಿಯನ್ ಕಪ್ಪಿನ ಫೈನಲ್. ಎದುರಿಗೆ ಎರಡು ಸಲ ಆ ಕಪ್ ಗೆದ್ದಿದ್ದ, ರಕ್ಷಣೆಯ ಆಟಕ್ಕೆ ಹೆಸರಾದ ಇಟಲಿಯ ಇಂಟರ್ ಮಿಲಾನ್. ಏಳನೆಯ ನಿಮಿಷದಲ್ಲಿಯೇ ಪೆನಾಲ್ಟಿಯಿಂದ ಇಂಟರ್ ಗೋಲು ಹೊಡೆದು ಕೋಟೆಯ ಬಾಗಿಲು ಹಾಕಿಕೊಂಡಿತು. ಅಲೆಯ ಮೇಲೆ ಅಲೆಯಾಗಿ ಸೆಲ್ಟಿಕ್ ದಾಳಿ ಮಾಡಿತು. ದ್ವಿತೀಯಾರ್ಧದಲ್ಲಿ ಟಾಮಿ ಗೆಮೆಲ್, ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಸ್ಟೀವಿ ಚಾಮರ್ಸ್ ಗೋಲು ಹೊಡೆದರು. 2-1. ಬ್ರಿಟನ್ನಿನ ಯಾವ ಕ್ಲಬ್ಬೂ ಅದುವರೆಗೆ ಆ ಕಪ್ ಗೆದ್ದಿರಲಿಲ್ಲ. ಆ ಹನ್ನೊಂದು ಮಂದಿಯೂ ತಮ್ಮ ಕ್ರೀಡಾಂಗಣದಿಂದ 30 ಮೈಲಿಯೊಳಗೆ ಹುಟ್ಟಿದವರು. ಅವರಲ್ಲಿ ಕ್ಯಾಥೊಲಿಕರೂ ಇದ್ದರು, ಪ್ರಾಟೆಸ್ಟೆಂಟರೂ ಇದ್ದರು. ಕೋಟಿಗಟ್ಟಲೆ ಹಣ ಸುರಿದು ದೇಶದೇಶಗಳಿಂದ ಆಟಗಾರರನ್ನು ತರುವ ಈ ಕಾಲದಲ್ಲಿ ಅಂಥದ್ದು ಇನ್ನು ನಡೆಯಲಾರದು.

ಅನಂತರ ಕ್ಲಬ್ಬಿನ ಆಡಳಿತ ಕೆಲವು ಮನೆತನಗಳ ಕೈಯಲ್ಲಿ ಸೊರಗಿತು. 1994ರ ಮಾರ್ಚ್ ತಿಂಗಳಲ್ಲಿ ಬ್ಯಾಂಕಿನವರು ಸಾಲಕ್ಕಾಗಿ ಬಾಗಿಲು ಮುಚ್ಚಿಸಲು ಸಿದ್ಧರಾಗಿದ್ದಾಗ, ಕೆನಡಾದಲ್ಲಿ ಹಣ ಗಳಿಸಿದ್ದ ಫರ್ಗಸ್ ಮೆಕ್ಯಾನ್ ಕೊನೆಯ ಗಳಿಗೆಯಲ್ಲಿ ಬಂದು ಉಳಿಸಿದರು. ಸಾಮಾನ್ಯ ಅಭಿಮಾನಿಗಳಿಗೆ ಷೇರು ಮಾರಿ, 60,000 ಜನ ಕೂರುವ ಹೊಸ ಕ್ರೀಡಾಂಗಣ ಕಟ್ಟಿಸಿದರು. ಅವರ ಕಾಲದಲ್ಲಿಯೇ ಧರ್ಮನಿಧಿಯೊಂದು ಮರುಹುಟ್ಟು ಪಡೆಯಿತು, ಮತದ್ವೇಷದ ವಿರುದ್ಧ ಆಂದೋಲನವೂ ನಡೆಯಿತು. ಅಂಥವರು 1998ರಲ್ಲಿ ಲೀಗ್ ಪ್ರಶಸ್ತಿಯ ಬಾವುಟ ಬಿಚ್ಚುವಾಗ ಅದೇ ಅಭಿಮಾನಿಗಳಲ್ಲಿ ಅನೇಕರು ಕೂಗಿ ಅವಮಾನಿಸಿದರು. ಕಾಸಿನ ವಿಷಯದಲ್ಲಿ ಬಿಗಿಯೆಂಬುದು ಅವರ ಮೇಲಿದ್ದ ದೂರು! ಬ್ರದರ್ ವಾಲ್ಫ್ರಿಡ್ ಅವರ ಕಂಚಿನ ಪ್ರತಿಮೆಯನ್ನು 2005ರಲ್ಲಿ ಕ್ರೀಡಾಂಗಣದ ಮುಂದೆ ನಿಲ್ಲಿಸಿದರು. ಪಂದ್ಯದ ದಿನಗಳಲ್ಲಿ ಅಭಿಮಾನಿಗಳು ಬಡವರ ಆಹಾರ ಬ್ಯಾಂಕುಗಳಿಗಾಗಿ ದವಸ, ಹಣ ಕೂಡಿಸುವ ಪದ್ಧತಿಯೂ ಬೆಳೆದಿದೆ.

ಮಕ್ಕಳಿಗಾಗಿ ಹುಟ್ಟಿದ ಕ್ಲಬ್ಬೆಂದು ಹೊಗಳಿ ಇಲ್ಲಿಗೆ ನಿಲ್ಲಿಸಿದರೆ ಉಪಾಧ್ಯಾಯನಾಗಿ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ. 1966ರಲ್ಲಿ ಆರಂಭವಾದ ‘ಸೆಲ್ಟಿಕ್ ಬಾಯ್ಸ್ ಕ್ಲಬ್’ ಎಂಬ ಬಾಲಕರ ತಂಡದಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ನ್ಯಾಯಾಲಯಗಳಲ್ಲಿ ರುಜುವಾತಾಗಿ, 1998ರಲ್ಲಿಯೂ ಮತ್ತೆ 2018ರಲ್ಲಿಯೂ ಅಪರಾಧಿಗೆ ಶಿಕ್ಷೆಯಾಗಿದೆ. ಆ ಬಾಲಕರ ತಂಡ ಪ್ರತ್ಯೇಕ ಸಂಸ್ಥೆಯೆಂಬುದು ಕ್ಲಬ್ಬಿನ ನಿಲುವಾಗಿತ್ತು. ಹೆಸರು ಒಂದೇ, ಅಂಗಿಯ ಬಣ್ಣ ಒಂದೇ, ಅಲ್ಲಿ ಚೆನ್ನಾಗಿ ಆಡಿದವರು ಹೋಗಬೇಕೆಂದು ಕನಸು ಕಂಡದ್ದೂ ಅದೇ ದೊಡ್ಡ ತಂಡಕ್ಕೆ. ಕಾಗದದ ಮೇಲೆ ಎರಡು ಸಂಸ್ಥೆಯಾಗಿದ್ದರೇನು, ಹುಡುಗನೊಬ್ಬನನ್ನು ನಂಬಿ ಕಳುಹಿಸಿದ ತಾಯಿಗೆ ಅವು ಎರಡಾಗಿ ಕಂಡಿದ್ದವೇ? ಈಗ ನಡುವಯಸ್ಸು ದಾಟಿರುವ ಆ ಹುಡುಗರು ಒಟ್ಟಾಗಿ ದಾವೆ ಹೂಡಲು ಎಡಿನ್‌ಬರೋದ ಉಚ್ಚ ನ್ಯಾಯಾಲಯ 2023ರಲ್ಲಿ ಅನುಮತಿ ನೀಡಿತು.

ಗ್ಲಾಸ್ಗೋಗೆ ಹೋಗುವವರು ಕ್ರೀಡಾಂಗಣವನ್ನು ಹೇಗೂ ನೋಡುತ್ತೀರಿ. ಅದಕ್ಕೆ ಮೊದಲು ಅಬರ್‌ಕ್ರೋಂಬಿ ಬೀದಿಯ ಸೇಂಟ್ ಮೇರಿ ಚರ್ಚಿಗೆ ಹೋಗಿಬನ್ನಿ. ಅಲ್ಲಿಂದ ಪಾರ್ಕ್‌ಹೆಡ್‌ವರೆಗೆ ನಡೆದೇ ಹೋಗಬಹುದು. ಮಳೆ ಬರುವ ಊರು, ಕೊಡೆ ಮರೆಯಬೇಡಿ.